ತೋಟಾ ತುಂಬುವಾಗ ಬಂದ ಒಂಟಿ ಸೀನು

ನಾನು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮನೆಯಲ್ಲಿ ಕೋವಿ ಇದೆ ಎಂದ ಕೂಡಲೇ ಜನ ನನ್ನ ಮುಖದ ಮೇಲೆ ಮೀಸೆ ಹುಡುಕುತ್ತಾರೆ. ಮೀಸೆಯೂ ಇಲ್ಲ, ಧೈರ್ಯವೂ ಇಲ್ಲ. ಬರ್ಮಿಂಗ್‌ಹ್ಯಾಮಿನ ಹಾರ್ಬೋರ್ನ್‌ನಲ್ಲಿ, ಸಾಲುಮನೆಯೊಂದರಲ್ಲಿ ನನ್ನ ವಾಸ. ಹೆಂಡತಿ ಶೈಲಾ ಆಸ್ಪತ್ರೆಯಲ್ಲಿ ನರ್ಸ್. ನಾನು ಕಾರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಗುಣಮಟ್ಟ ಪರೀಕ್ಷಿಸುವ ಇಂಜಿನಿಯರ್. ಎಂದರೆ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನು. ಭಾನುವಾರ ಕ್ಲಬ್ಬಿಗೆ ಹೋಗಿ ಕಾಗದಕ್ಕೆ ಗುಂಡು ಹೊಡೆಯುತ್ತೇನೆ. ಕಾಗದ ತಿರುಗಿ ಮೈಮೇಲೆ ಬರುವುದಿಲ್ಲ ಎಂಬುದೇ ಈ ಹವ್ಯಾಸದಲ್ಲಿ ನನಗೆ ಹಿಡಿಸಿದ ಅಂಶ.

ಪೊಲೀಸರು ಮನೆಗೆ ಬಂದು ಕೋವಿ ಇಡುವ ಕಬ್ಬಿಣದ ಬೀರು ಅಲುಗಿಸಿ ನೋಡಿ, ನನ್ನ ತಲೆ ನೆಟ್ಟಗಿದೆಯೇ ಎಂದು ನಮ್ಮ ಡಾಕ್ಟರನ್ನು ಕೇಳಿ ತಿಳಿದುಕೊಂಡು ಪರವಾನಗಿ ಕೊಟ್ಟರು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಆದರೆ ಕ್ಲಬ್ಬಿನ ಹಿರಿಯ ಕೆನ್ ಅಂಗಡಿಯ ತೋಟಾಗಳನ್ನು ಮುಟ್ಟುವವನೇ ಅಲ್ಲ. ಎಲ್ಲವನ್ನೂ ಮನೆಯಲ್ಲೇ ತುಂಬಿಕೊಳ್ಳುತ್ತಾನೆ. ಮನೆಯ ಅಡುಗೆಯ ರುಚಿ ಗೊತ್ತಿರುವ ನನಗೂ ಆಸೆಯಾಯಿತು. ಹಿತ್ತಾಳೆಯ ಖಾಲಿ ತೋಟಾ, ಅದರ ಬುಡಕ್ಕೆ ಕಿಡಿ ಕೊಡುವ ಕೇಪು, ಒಳಗೆ ಮದ್ದು, ಮೇಲೆ ಗುಂಡು. ಇಷ್ಟೇ ಸಾಮಗ್ರಿ. ಆರಿಸುವುದಕ್ಕೆ ಮಾತ್ರ ಮೂರು ತಿಂಗಳು ಹಿಡಿಯಿತು. ನಮ್ಮತ್ತೆ ಬದನೆಕಾಯಿಯನ್ನು ತಿರುಗಿಸಿ ನೋಡುವ ಹಾಗೆ ಒಂದೊಂದು ಗುಂಡನ್ನೂ ತಿರುಗಿಸಿ ನೋಡಿದೆ. ನನ್ನ ರೈಫಲಿನಲ್ಲಿ ನಳಿಗೆಯ ಕೆಳಗಿನ ಕೊಳವೆಯೊಳಗೆ ತೋಟಾಗಳು ಒಂದರ ಹಿಂದೊಂದು ಸಾಲಾಗಿ ಮಲಗುತ್ತವೆ; ಚೂಪು ಮೂತಿಯದಾದರೆ ಮುಂದಿನದರ ಕೇಪನ್ನು ಕುಟುಕೀತು ಎಂದು ಚಪ್ಪಟೆ ಮೂತಿಯದನ್ನೇ ಕೊಂಡೆ. ಅಲ್ಲಿಯವರೆಗೆ ಬುದ್ಧಿ ಕೈಹಿಡಿದಿತ್ತು. ಮದ್ದಿನಲ್ಲಿ ಕೈಕೊಟ್ಟಿತು.

ತೋಟಾ ತುಂಬಿ ನಿಲ್ಲುವಂಥ ಉಬ್ಬು ಮದ್ದು ತಗೋ, ತಪ್ಪಿ ಎರಡು ಸಲ ಬಿದ್ದರೆ ಉಕ್ಕಿ ಚೆಲ್ಲುತ್ತದೆ, ಕಣ್ಣಿಗೆ ಬೀಳುತ್ತದೆ ಎಂದು ಕೆನ್ ಬಡಿದುಕೊಂಡಿದ್ದ. ನಾನು ಚಿಟಿಕೆ ಹಾಕಿದರೆ ಸಾಕೆನ್ನುವ ಚುರುಕು ಮದ್ದನ್ನು ತಂದೆ. ಟೂತ್‌ಪೇಸ್ಟಿನ ಟ್ಯೂಬನ್ನು ಸೀಳಿ ಬಳಿದುಕೊಳ್ಳುವ ಮನೆತನ ನಮ್ಮದು. ಒಂದು ಡಬ್ಬಿ ಎರಡು ವರ್ಷ ಬಂದರೆ ಯಾರಿಗೆ ಬೇಡ? ಆ ಮದ್ದು ತೋಟಾದ ತಳದಲ್ಲಿ ಎಲ್ಲೋ ಕೂತುಬಿಡುತ್ತದೆ. ಎರಡು ಪಾಲು ಬಿದ್ದರೂ ಮೇಲೆ ಜಾಗ ಉಳಿಯುತ್ತದೆ. ಅದನ್ನು ಹಾರಿಸಿದರೆ ಮಾತ್ರ ಕೋವಿ ಉಳಿಯುವುದಿಲ್ಲ.

ಹೋದ ನವೆಂಬರಿನ ಒಂದು ಶನಿವಾರ ಬೆಳಗ್ಗೆ, ಮಂಜು ಕಿಟಕಿಗೆ ಅಂಟಿಕೊಂಡಿತ್ತು. ಎದುರು ಸಾಲಿನ ಮನೆಗಳೇ ಕಾಣುತ್ತಿರಲಿಲ್ಲ. ಮಹಡಿಯ ಸಣ್ಣ ಕೋಣೆಯಲ್ಲಿ ಐವತ್ತು ತೋಟಾ ತುಂಬಲು ಕುಳಿತೆ. ಮದ್ದು ಅಳೆಯುವ ಯಂತ್ರದ ಹಿಡಿಕೆ ಒಮ್ಮೆ ಎಳೆದರೆ ತೋಟಾದೊಳಗೆ ಒಂದು ಪಾಲು ಮದ್ದು ಬೀಳುತ್ತದೆ, ಗುಂಡು ಕೂರಿಸಿ ಒತ್ತಿದರೆ ಮುಗಿಯಿತು, ಮುಂದಿನದು. ಹೀಗೆ ಅರ್ಧದ ಮೇಲೆ ಆಗಿರಬೇಕು, ಬೆನ್ನ ಹಿಂದೆ ಬಾಗಿಲ ಬಳಿ ಒಂದು ಸೀನು ಕೇಳಿಸಿತು. ಒಂದೇ ಒಂದು. ಸಣ್ಣದು, ಅದುಮಿದ್ದು.

ಒಂಟಿ ಸೀನು! ಮೈಸೂರಿನಿಂದ ಬಂದು ನಾಲ್ಕು ತಿಂಗಳಿಂದ ನಮ್ಮಲ್ಲೇ ಇರುವ ಅತ್ತೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಒಂಟಿ ಸೀನು ಬಂದರೆ ಕೈಲಿರುವ ಕೆಲಸ ಅಲ್ಲೇ ಬಿಟ್ಟು, ಎರಡು ನಿಮಿಷ ಕೂತು, ನೀರು ಕುಡಿದು ಮುಂದುವರಿಯಬೇಕು. ನನಗೆ ಶಕುನದಲ್ಲಿ ನಂಬಿಕೆಯಿಲ್ಲ, ಅತ್ತೆಯಲ್ಲಿದೆ. ತಿರುಗಿಯೂ ನೋಡದೆ ಎದ್ದು, ಕಿಟಕಿಯ ಬಳಿ ಕುಳಿತು, ಬಾಟಲಿಯ ನೀರು ಕುಡಿದು, "ಕೂತೆ ಅತ್ತೆ, ನೀರೂ ಕುಡಿದೆ" ಎಂದು ಕೂಗಿದೆ. ಉತ್ತರ ಬರಲಿಲ್ಲ. ಅತ್ತೆ ಉತ್ತರ ಕೊಡದಿದ್ದರೆ ಒಪ್ಪಿದರು ಎಂದರ್ಥ. ಮರಳಿ ಬಂದು ಕೆಲಸ ಮುಗಿಸಿದೆ.

ಐವತ್ತೂ ಪೆಟ್ಟಿಗೆಯಲ್ಲಿ ಸಾಲಾಗಿ ನಿಂತ ಮೇಲೆ ಬೆನ್ನಿಗೆ ತಣ್ಣೀರು ಎರಚಿದಂತಾಯಿತು. ಏಳುವ ಮುಂಚೆ ಹಿಡಿಕೆ ಎಳೆದಿದ್ದೆನೇ? ಬಂದ ಮೇಲೆ ಮತ್ತೆ ಎಳೆದೆನೇ? ಎರಡೂ ಸಲ ಎಳೆದಿದ್ದರೆ ನಾಳೆ ನನ್ನ ಬೆರಳುಗಳೂ ಕಣ್ಣೂ ಹೋದವು, ಪಕ್ಕದಲ್ಲಿ ನಿಲ್ಲುವ ಕೆನ್‌ಗೂ ಅಪಾಯ. ಒಮ್ಮೆಯೂ ಎಳೆಯದಿದ್ದರೆ ಗುಂಡು ಕೇಪಿನ ಕಿಡಿಯಷ್ಟಕ್ಕೇ ಹೊರಟು ನಳಿಗೆಯಲ್ಲೇ ಸಿಕ್ಕಿಕೊಂಡು, ಅದರ ಹಿಂದಿನದು ಬಂದು ಬಡಿದಾಗ ನಳಿಗೆಯೇ ಸಿಡಿಯುತ್ತದೆ. ಐವತ್ತೂ ಒಂದೇ ತರಹ ಹೊಳೆಯುತ್ತಿದ್ದವು. ತೂಗಿ ನೋಡಿದೆ. ಹಿತ್ತಾಳೆಯ ತೂಕದಲ್ಲೇ ಅಷ್ಟು ಹೆಚ್ಚುಕಡಿಮೆ ಇರುವಾಗ ತಕ್ಕಡಿ ಏನು ಹೇಳೀತು? ಪೆಟ್ಟಿಗೆಗೆ ಬೆನ್ನು ಹಾಕಲು ಹೆದರಿಕೆಯಾಯಿತು. ನಿಜವಾಗಿಯೂ ಹೆದರಿದ್ದೆ.

ಗುಂಡು ಕೀಳಲು ಸುತ್ತಿಗೆಯಂಥದೊಂದು ಸಾಧನವಿದೆ. ತೋಟಾವನ್ನು ಅದರೊಳಗಿಟ್ಟು ಕುಟ್ಟಿದರೆ ಗುಂಡು, ಮದ್ದು ಬೇರೆಯಾಗುತ್ತವೆ. ಕುಟ್ಟಿದೆ. ಮಂಜಿನಲ್ಲಿ ಆ ಸದ್ದು ಎಲ್ಲಿಂದಲೋ ತಿರುಗಿ ಬರುತ್ತಿತ್ತು. ಮೂವತ್ತೊಂದನೆಯದರಿಂದ ಗುಂಡು ಕಳಚಿತು, ಹಿಂದೆ ಏನೂ ಉದುರಲಿಲ್ಲ. ಬತ್ತಿದ ಬಾವಿಯಂತೆ ಒಣಗಿತ್ತು.

ಸಂಜೆ ಶೈಲಾ ಡ್ಯೂಟಿ ಮುಗಿಸಿ ಬಂದ ಮೇಲೆ, ಕಾಫಿ ಕುಡಿಯುತ್ತಾ ಎಲ್ಲ ಒಪ್ಪಿಕೊಂಡೆ. "ಅತ್ತೆ, ಕೋಪ ಮಾಡ್ಕೋಬೇಡಿ. ಇವತ್ತು ನಿಮ್ಮ ಸೀನಿಂದ ನನ್ನ ಪ್ರಾಣ ಹೋಗ್ತಿತ್ತು."

ಅತ್ತೆ ಲೋಟ ಕೆಳಗಿಟ್ಟರು. "ನಾನೆಲ್ಲಿ ಸೀನಿದೆ? ಬೆಳಗ್ಗೆ ಇವಳು ಡ್ಯೂಟಿಗೆ ಹೋಗ್ತಾ ನನ್ನನ್ನ ದೇವಸ್ಥಾನಕ್ಕೆ ಬಿಟ್ಟಳಲ್ಲ. ನಾನು ಬಂದಿದ್ದೇ ಎರಡು ಗಂಟೆಗೆ. ನೀವು ಮೇಲೆ ಟಕಟಕ ಅಂತ ಕುಟ್ತಾ ಇದ್ರಿ."

ನಾನು ಶೈಲಾಳ ಮುಖ ನೋಡಿದೆ. "ಹೌದು ರೀ. ನೀವು ಮೊದಲನೇ ತೋಟಾ ಕೈಗೆ ತಗೊಳ್ಳೋವಾಗಲೇ ನಿಮ್ಮ ರೂಮಿನ ಬಾಗಿಲಲ್ಲಿ ನಿಂತು ಹೇಳಿ ಹೋದ್ವಿ. ನೀವು ಹೂಂ ಅಂದ್ರಿ."

ಮಹಡಿಯ ಮೆಟ್ಟಿಲ ಕಡೆ ಮೂವರೂ ಒಮ್ಮೆ ನೋಡಿದೆವು. ಅತ್ತೆ ಮೊದಲು ಸುಧಾರಿಸಿಕೊಂಡರು. "ಈ ಮನೇಲಿ ಮುಂಚೆ ಇದ್ದವರು ಯಾರೋ ಇರಬೇಕು. ಪಾಪ, ಪುಣ್ಯಾತ್ಮರು, ಎಚ್ಚರಿಸಿದಾರೆ. ನಾಳೆ ಒಂದು ನಿಂಬೆಹಣ್ಣು ಇಳಿ ತೆಗೀತೀನಿ."

ಶೈಲಾ ಮೆಟ್ಟಿಲು ನೋಡುವುದನ್ನು ಬಿಟ್ಟು ನನ್ನನ್ನು ನೋಡುತ್ತಿದ್ದಳು. ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವ ನೋಟ ಅದು. "ರೀ," ಎಂದಳು ಮೆಲ್ಲಗೆ, "ಸೀನಿದ್ದು ನೀವೇ ಅಲ್ಲ ತಾನೇ?"

ಅಷ್ಟು ಹೊತ್ತಿನ ಭಯ ಇದರ ಮುಂದೆ ಏನೂ ಅಲ್ಲ. ಹೂಂ ಅಂದದ್ದು ನೆನಪಿಲ್ಲ, ಹಿಡಿಕೆ ಎಳೆಯದಿದ್ದದ್ದು ನೆನಪಿಲ್ಲ. ಇನ್ನು ಸೀನಿನ ಲೆಕ್ಕ ಯಾರು ಇಟ್ಟಿದ್ದಾರೆ? ಅಂಥ ತಲೆ ಹೊತ್ತವನ ಕೈಗೆ ಮದ್ದಿನ ಡಬ್ಬಿ ಕೊಡುವವರು ಯಾರು? ದೆವ್ವವಾದರೆ ಒಂದು ನಿಂಬೆಹಣ್ಣಿಗೆ ಹೋಗುತ್ತದೆ.

"ಛೆ, ಅತ್ತೆ ಹೇಳಿದ್ದೇ ಸರಿ ಕಣೇ," ಎಂದೆ. "ದೆವ್ವವೇ."