ಮೂವತ್ತೈದು ಪರ್ಸೆಂಟಿನ ಹೃದಯ

ಪಾಠ ಹೇಳುವ ಉದ್ಯೋಗದಲ್ಲಿ ಒಂದು ಸುಖವಿದೆ. ಹೇಳಿದ್ದನ್ನು ಮಾಡಿ ತೋರಿಸಿ ಎಂದು ಯಾರೂ ಕೇಳುವುದಿಲ್ಲ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಬೇಡಿಕೆ-ಪೂರೈಕೆಯ ನಿಯಮವನ್ನು ನಿದ್ದೆಯಲ್ಲೂ ಹೇಳಬಲ್ಲರು. ಕೊಪ್ಪದ ಸಂತೆಯಿಂದ ಬದನೆಕಾಯಿ ತರುವಾಗ ಮಾತ್ರ ಎಲ್ಲರಿಗಿಂತ ಹೆಚ್ಚು ಬೆಲೆ ಕೊಟ್ಟು, ಎಲ್ಲರಿಗಿಂತ ಹೆಚ್ಚು ಹುಳುಕು ಆರಿಸಿ ತರುತ್ತಾರೆ. ನಾನು ಬಾಳಗಡಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವವನು. ಹೃದಯದ ಸ್ನಾಯು ಸಂಕುಚಿಸುವ ಬಗೆ ನನ್ನ ಮೆಚ್ಚಿನ ಪಾಠ. ಎರಡು ಕೈಗಳ ಬೆರಳುಗಳನ್ನು ಒಂದರ ಸಂದಿಯಲ್ಲಿ ಇನ್ನೊಂದನ್ನು ತೂರಿಸಿ, ದಪ್ಪ ಎಳೆಗಳು ತೆಳು ಎಳೆಗಳನ್ನು ಒಳಕ್ಕೆ ಎಳೆದುಕೊಳ್ಳುವುದನ್ನು ತೋರಿಸಿದರೆ ಹಿಂದಿನ ಬೆಂಚಿನವರೂ ಮೊಬೈಲು ಬಿಟ್ಟು ತಲೆ ಎತ್ತುತ್ತಾರೆ. ಎಳೆಯಲು ಅಪ್ಪಣೆ ಕೊಡುವುದು ಕ್ಯಾಲ್ಸಿಯಂ. ಹೊರಗಿನಿಂದ ಜೀವಕೋಶಕ್ಕೆ ಒಂದಿಷ್ಟು ಬರುತ್ತದೆ, ಅದು ಬಂದದ್ದೇ ಒಳಗಿನ ಉಗ್ರಾಣದ ಬಾಗಿಲು ತೆರೆದು ಇನ್ನಷ್ಟು ಕ್ಯಾಲ್ಸಿಯಂ ಹೊರಬೀಳುತ್ತದೆ, ಎಳೆಗಳು ಜಾರುತ್ತವೆ, ಸ್ನಾಯು ಬಿಗಿಯುತ್ತದೆ. ಬಂದದ್ದನ್ನೆಲ್ಲ ವಾಪಸು ಕಳಿಸಿದರೆ ಮಾತ್ರ ಸಡಿಲಾಗುತ್ತದೆ. ಅದಕ್ಕೂ ಶಕ್ತಿ ಬೇಕು. ಇಷ್ಟು ಹೇಳಿ, ಬೋರ್ಡು ಒರೆಸಿ, ಕಾಫಿ ಕುಡಿಯಲು ಹೋಗುವುದು ನನ್ನ ರೂಢಿ.

ನನ್ನ ಹೆಂಡತಿ ಸುಮಿತ್ರಾ ಕೊಪ್ಪದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ತಾಲೂಕು ಆಫೀಸಿನ ಹೆಂಗಸರಿಂದ ಹಿಡಿದು ಶೃಂಗೇರಿಯ ಪುರೋಹಿತರೊಬ್ಬರ ತನಕ ಅವಳ ಶಿಷ್ಯರಿದ್ದಾರೆ. ಆ ಪುರೋಹಿತರು ಮೊದಲ ದಿನ ಕಚ್ಚೆ ಪಂಚೆಯಲ್ಲೇ ಬಂದು ಕ್ಲಚ್ಚಿಗೆ ಕೈಮುಗಿದು ಕೂತರಂತೆ. ಇಷ್ಟು ಜನರಿಗೆ ಕಲಿಸಿದವಳ ಗಂಡನಿಗೆ ಸ್ಟೇರಿಂಗು ಯಾವ ಕಡೆ ಇರುತ್ತದೆ ಎಂಬುದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಬಂದಿರಲಿಲ್ಲ.

ಹೋದ ವರ್ಷ ಅವಳಿಗೊಂದು ಜ್ವರ ಬಂತು. ಊರಿಗೆಲ್ಲ ಬಂದ ಹಾಗೆ ಬಂದು, ಊರಿಗೆಲ್ಲ ಹೋದ ಹಾಗೆ ಹೋಯಿತು. ಸುಸ್ತು ಮಾತ್ರ ಉಳಿಯಿತು. ಕೆಲವು ವಾರ ಕಳೆದರೂ ಮನೆಯ ಎದುರಿನ ಏರು ಹತ್ತುವಾಗ ಅರ್ಧದಲ್ಲಿ ನಿಂತು, ಪಕ್ಕದ ಮನೆಯ ದಾಸವಾಳ ನೋಡುವವಳ ಹಾಗೆ ನಟಿಸಲು ಶುರುಮಾಡಿದಳು. ಪಾದ ಊದಿಕೊಂಡಿತು. ಕೊನೆಗೆ ಶಿವಮೊಗ್ಗಕ್ಕೆ ಹೊರಟೆವು. ಕಾರು ಓಡಿಸಿದ್ದು ಅವಳೇ. ನರಸಿಂಹರಾಜಪುರದಲ್ಲಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಸುಧಾರಿಸಿಕೊಂಡಳು. ಪಕ್ಕದಲ್ಲಿ ಫೈಲು ಹಿಡಿದು ಕೂತ ನಾನು, "ನಿಧಾನ ಹೋಗುವಾ" ಎಂದೆ. ನನ್ನಿಂದಾಗುವ ಸಹಾಯ ಅದೊಂದೇ ಆಗಿತ್ತು.

ಹೃದಯದ ಎಕೋ ಪರೀಕ್ಷೆ ಆಯಿತು. ಡಾಕ್ಟರು ನನ್ನ ಶಿಷ್ಯೆಯಾಗುವ ವಯಸ್ಸಿನ ಹೆಣ್ಣುಮಗಳು. "ಹೃದಯ ಸ್ವಲ್ಪ ಹಿಗ್ಗಿದೆ. ಜ್ವರದ ವೈರಸ್ಸಿನಿಂದ ಇರಬಹುದು. ಪಂಪಿಂಗ್ ಮೂವತ್ತೈದು ಪರ್ಸೆಂಟ್ ಇದೆ" ಎಂದರು.

"ಹಾಗಾದ್ರೆ ಜಸ್ಟ್ ಪಾಸು" ಎಂದಳು ಸುಮಿತ್ರಾ.

ಡಾಕ್ಟರು ನಕ್ಕರು. ಒಳ್ಳೆಯ ಹೃದಯವೂ ತುಂಬಿದ ರಕ್ತವನ್ನೆಲ್ಲ ಹೊರಹಾಕುವುದಿಲ್ಲ, ಅರ್ಧಕ್ಕಿಂತ ತುಸು ಹೆಚ್ಚು ಹಾಕಿದರೆ ಆರೋಗ್ಯವೇ ಎಂದು ವಿವರಿಸಿದರು. "ಹಾಗಾದ್ರೆ ಡಿಸ್ಟಿಂಕ್ಷನ್ ಯಾರಿಗೂ ಇಲ್ಲ" ಎಂದು ಇವಳು ಸಮಾಧಾನ ಪಟ್ಟುಕೊಂಡಳು. ನನಗೆ ನಗು ಬರಲಿಲ್ಲ. ಎಕೋ ಪರದೆಯ ಮೇಲೆ ಅವಳ ಹೃದಯ ಬಿಗಿಯಲು ಹೋಗಿ ಪೂರ್ತಿ ಬಿಗಿಯದೆ ಸಡಿಲಾಗುವುದನ್ನು ನೋಡಿದ್ದೆ. ಬೋರ್ಡಿನ ಮೇಲೆ ನಾನು ಬರೆಯುವ ಹೃದಯಕ್ಕೆ ಸುಸ್ತಾದದ್ದೇ ಇಲ್ಲ.

ಭಯವಾದಾಗ ಮೇಷ್ಟ್ರುಗಳು ಪ್ರಶ್ನೆ ಕೇಳುತ್ತಾರೆ. ಚೀಟಿಯಲ್ಲಿ ಬೀಟಾ ಬ್ಲಾಕರ್ ಕಂಡು ನಾನು ಗಂಟಲು ಸರಿಮಾಡಿಕೊಂಡೆ. "ಅಡ್ರಿನಲಿನ್ ಬಂದರೆ ತಾನೇ ಹೃದಯ ಜೋರಾಗಿ ಬಿಗಿಯುವುದು? ಅದನ್ನು ತಡೆಯುವ ಮಾತ್ರೆ ಇದು. ಮೊದಲೇ ಬಲ ಇಲ್ಲದ ಹೃದಯಕ್ಕೆ ಬಲ ಕಡಿಮೆ ಮಾಡುವ ಔಷಧಿ ಕೊಟ್ಟರೆ ಹೇಗೆ?"

"ಪಾಠ ಸರಿ ಇದೆ ಸರ್" ಎಂದರು ಡಾಕ್ಟರು. "ಅಡ್ರಿನಲಿನ್ ಬಂದರೆ ಕ್ಯಾಲ್ಸಿಯಂ ಹೆಚ್ಚು ಬರ್ತದೆ, ಏಟು ಜೋರಾಗ್ತದೆ. ಬಸ್ಸಿನ ಹಿಂದೆ ಓಡುವಾಗ ಅದು ಬೇಕು. ಆದರೆ ಇವರ ದೇಹ, ಹೃದಯ ಸೋತಿದೆ ಅಂತ ದಿನವಿಡೀ ಅದನ್ನೇ ಸುರೀತಾ ಇದೆ. ಸೋತವರನ್ನು ಹೊಡೆದು ಓಡಿಸಿದ ಹಾಗೆ. ಆ ಹೊಡೆತ ತಪ್ಪಿಸೋದಕ್ಕೆ ಈ ಮಾತ್ರೆ. ಸಣ್ಣ ಡೋಸಿನಿಂದ ಶುರು ಮಾಡುವಾ. ಮೊದಲು ಸುಸ್ತು ಹೆಚ್ಚಾದ ಹಾಗೆ ಅನ್ನಿಸಬಹುದು. ಕೆಲವು ತಿಂಗಳು ಹೋದರೆ ಹೆಚ್ಚಿನವರಿಗೆ ಬಲ ವಾಪಸು ಬರ್ತದೆ."

"ಇದು ನಮ್ಮ ಪುಸ್ತಕದಲ್ಲಿಲ್ಲ" ಎಂದೆ.

"ಪರೀಕ್ಷೆಗೂ ಬರೋದಿಲ್ಲ ಬಿಡಿ. ಇನ್ನೊಂದು, ಸದ್ಯಕ್ಕೆ ಡ್ರೈವಿಂಗ್ ಬೇಡ."

ಮೂವತ್ತೈದಕ್ಕೆ ಅಂಜದವಳು ಈ ಮಾತಿಗೆ ಮುಖ ಸಣ್ಣ ಮಾಡಿದಳು. ಶಿವಮೊಗ್ಗದಲ್ಲಿದ್ದ ಅವಳ ಹಳೆಯ ಶಿಷ್ಯೆಯೊಬ್ಬಳು ಬಂದು ನಮ್ಮನ್ನು ಕೊಪ್ಪಕ್ಕೆ ಮುಟ್ಟಿಸಿದಳು. ದಾರಿಯುದ್ದಕ್ಕೂ ಸುಮಿತ್ರಾ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ಮನೆಯಲ್ಲಿ ನನ್ನ ಆಡಳಿತ ಶುರುವಾಯಿತು. ಉಪ್ಪಿನಕಾಯಿ ಭರಣಿ ಅಟ್ಟಕ್ಕೆ ಹೋಯಿತು, ಹಪ್ಪಳದ ಡಬ್ಬ ಅದರ ಹಿಂದೆ ಹೋಯಿತು. ಆಡಳಿತಗಾರನಿಗೆ ಕಾರಣ ಕೊಡುವ ಚಪಲ. ಊಟದ ಎದುರು ಕೂತು ವಿವರಿಸಿದೆ. ಉಪ್ಪು ಹೆಚ್ಚಾದರೆ ದೇಹದಲ್ಲಿ ನೀರು ನಿಲ್ಲುತ್ತದೆ, ಹೃದಯಕ್ಕೆ ಬರುವ ರಕ್ತ ಹೆಚ್ಚುತ್ತದೆ, ಗೋಡೆ ಹಿಗ್ಗುತ್ತದೆ. ಹಿಗ್ಗಿದಷ್ಟೂ ಜೋರಾಗಿ ಬಿಗಿಯುವುದು ಹೃದಯದ ಸ್ವಭಾವವೇ, ಆದರೆ ಒಂದು ಮಿತಿಯ ತನಕ. ನಿನ್ನ ಹೃದಯ ಈಗ ಮಿತಿಯ ಹತ್ತಿರ ಇದೆ, ಎಂದೆ.

"ತಾಳ್ಮೆಯೂ ಹಾಗೇ" ಎಂದಳು ಅವಳು, ಸಪ್ಪೆ ಸಾರು ಕಲಸುತ್ತ.

ಡಾಕ್ಟರು ಹೇಳಿದಂತೆ ಮೊದಲ ದಿನಗಳಲ್ಲಿ ಸುಸ್ತು ಹೆಚ್ಚೇ ಆಯಿತು. ಒಂದು ಬೆಳಿಗ್ಗೆ ತಲೆ ಬಾಚುತ್ತ ಕೂತವಳು ಬಾಚಣಿಗೆಯನ್ನು ಮಡಿಲಲ್ಲಿಟ್ಟಳು. "ಕೈ ಎತ್ತಿ ಹಿಡ್ಕೊಳ್ಳಕ್ಕೆ ಆಗೂದಿಲ್ಲ. ಸ್ಕೂಲ್ ಯಾರಿಗಾದ್ರೂ ಕೊಡುವಾ ಅಂತ" ಎಂದಳು. ನಾನು ಬಾಚಣಿಗೆ ತೆಗೆದುಕೊಂಡೆ. ಜಡೆ ಹೆಣೆಯಲು ಬಾರದೆ ಏನೋ ಒಂದು ಗಂಟು ಹಾಕಿದೆ. ಆ ದಿನ ಮಾತ್ರ ನಾನು ಏನನ್ನೂ ವಿವರಿಸಲಿಲ್ಲ. ಮನಸ್ಸಿನಲ್ಲಿ, ಬಲ ವಾಪಸು ಬರುತ್ತದೆ ಎಂಬ ಡಾಕ್ಟರ ಮಾತು ಸುಳ್ಳಾಗದಿರಲಿ ಎಂದು ಬೇಡಿಕೊಂಡೆ.

ನಾಡಿ ನೋಡುವ ಕೆಲಸ ನನ್ನದಾಗಿತ್ತು. ಅವಳು ಕುಳಿತಲ್ಲಿ, ನಿಂತಲ್ಲಿ, ಟೀವಿ ನೋಡುವಲ್ಲಿ ಮಣಿಕಟ್ಟು ಹಿಡಿಯುತ್ತಿದ್ದೆ. ಕೊನೆಗೆ ಒಂದು ದಿನ ಕೈ ಬಿಡಿಸಿಕೊಂಡಳು. "ನೀವು ಎದುರಿಗೆ ಬಂದು ನಿಂತ್ರೆ ಮಾತ್ರೆ ಕೆಲಸ ಮಾಡೂದಿಲ್ಲ ಮಾರಾಯ್ರೆ. ಎಂತಾದ್ರೂ ಕೆಲಸ ಇಟ್ಕೊಳ್ಳಿ. ಕಾರು ಕಲೀರಿ."

ಹೀಗೆ ನಮ್ಮ ಕಾರಿಗೆ ಎಲ್ ಬೋರ್ಡು ಬಿತ್ತು. ಸ್ಕೂಲಿನ ಇನ್ನೊಬ್ಬ ಶಿಕ್ಷಕ ಮೈದಾನದಲ್ಲಿ ಗೇರು, ಕ್ಲಚ್ಚು ಕಲಿಸಿದ. ಸುಮಿತ್ರಾಳ ಉಸಿರು ಒಂದಿಷ್ಟು ಹದಕ್ಕೆ ಬಂದು, ಡಾಕ್ಟರೂ ಪಕ್ಕದಲ್ಲಿ ಕೂರಲು ಅಡ್ಡಿಯಿಲ್ಲ ಎಂದ ಮೇಲೆ, ರಸ್ತೆಯ ಪಾಠ ಅವಳೇ ವಹಿಸಿಕೊಂಡಳು. ಬಸರೀಕಟ್ಟೆಯ ರಸ್ತೆಯಲ್ಲಿ ಒಂದು ತಿರುವಿನಲ್ಲಿ, ಎಸ್ಟೇಟಿನ ಜೀಪೊಂದು ಆಳುಗಳನ್ನು ತುಂಬಿಕೊಂಡು ನೇರ ನಮ್ಮೆದುರು ಬಂತು. ನನ್ನ ಹೃದಯ ಪಕ್ಕೆಲುಬಿಗೆ ಗುದ್ದಿತು. ಇಷ್ಟು ವರ್ಷ ನಾನು ಮಕ್ಕಳಿಗೆ 'ಸಂಕೋಚನದ ಬಲ ಹೆಚ್ಚುತ್ತದೆ' ಎಂದು ಬರೆಸಿದ್ದು ಇದನ್ನೇ ಎಂದು ಆಗ ಗೊತ್ತಾಯಿತು. ಪಕ್ಕದಲ್ಲಿ ಮಾತ್ರೆ ನುಂಗಿ ಕೂತವಳು, ಸಾರಿಗೆ ಒಗ್ಗರಣೆ ಆಯ್ತಾ ಎಂದು ಕೇಳುವ ದನಿಯಲ್ಲಿ, "ಬ್ರೇಕು. ಎಡಕ್ಕೆ. ಹಾಂ, ಅಷ್ಟೇ" ಎಂದಳು. ಜೀಪು ದಾಟಿತು. ಅದರ ಡ್ರೈವರ್ ಕತ್ತು ಹೊರಹಾಕಿ, "ಅಕ್ಕಾ, ಹುಷಾರಿದೀರಾ?" ಎಂದು ವಿಚಾರಿಸಿದ. ಅವನೂ ಇವಳ ಶಿಷ್ಯ. ನನ್ನನ್ನು ಯಾರೂ ವಿಚಾರಿಸಲಿಲ್ಲ.

ತಿಂಗಳುಗಳು ಕಳೆದವು. ಮಾತ್ರೆಯ ಡೋಸು ಮೆಲ್ಲಗೆ ಏರಿತು, ಪಾದದ ಊತ ಇಳಿಯಿತು. ಒಂದು ದಿನ ನಾನು ಕಾಲೇಜಿನಿಂದ ಬರುವಾಗ ಅವಳು ಮನೆಯೆದುರಿನ ಏರನ್ನು ದಾಸವಾಳದ ಕಡೆ ತಿರುಗಿಯೂ ನೋಡದೆ ಹತ್ತಿಹೋದಳು. ನಾನು ಕೆಳಗೆ ನಿಂತು ಕನ್ನಡಕ ಒರೆಸಿಕೊಂಡೆ.

ಮೊನ್ನೆ ಮತ್ತೆ ಶಿವಮೊಗ್ಗಕ್ಕೆ ಹೋದೆವು. ಲೈಸೆನ್ಸ್ ಬಂದಿತ್ತಾದ್ದರಿಂದ ಓಡಿಸಿದ್ದು ನಾನು. ಪಂಪಿಂಗ್ ಐವತ್ತರ ಹತ್ತಿರ ಬಂದಿದೆ, ಮಾತ್ರೆ ಬಿಡಬೇಡಿ, ಇನ್ನು ಡ್ರೈವಿಂಗ್ ಮಾಡಬಹುದು, ಹೆದರಿಕೊಳ್ಳುವುದೊಂದು ಬೇಡ ಎಂದರು ಡಾಕ್ಟರು. ಆಸ್ಪತ್ರೆಯ ಹೊರಗೆ ಬಂದು ಕೀಲಿಕೈ ಅವಳಿಗೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. "ಇವತ್ತು ನೀವೇ ಕಾರು ಬಿಡಿ. ಅಭ್ಯಾಸ ತಪ್ಪಬಾರದು."

ನರಸಿಂಹರಾಜಪುರ ದಾಟುವಾಗ ನೋಡುತ್ತೇನೆ, ಸೀಟಿಗೆ ಒರಗಿ ಕಣ್ಣು ಮುಚ್ಚಿದ್ದಾಳೆ. ನನಗೆ ಎದೆ ತುಂಬಿ ಬಂತು. ಅಷ್ಟು ಜನರಿಗೆ ಕಲಿಸಿದವಳು ನನ್ನ ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದಾಳೆ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು? ಹಾರ್ನ್ ಒತ್ತದೆ, ಹೊಂಡಗಳನ್ನು ಬಳಸಿ, ಎಮ್ಮೆಗಳಿಗೆ ಕಾದು, ಕೊಪ್ಪ ಮುಟ್ಟಿಸಿದೆ. ಮನೆಯೆದುರು ಎಂಜಿನ್ ಆರಿಸಿ, ಮೆಲ್ಲನೆ, "ಒಳ್ಳೆ ನಿದ್ದೆ ಬಂತಲ್ಲ" ಎಂದೆ.

"ನಿದ್ದೆ ಎಲ್ಲಿಂದ ಬರ್ಬೇಕು" ಎಂದು ಅವಳು ಸೀಟ್ ಬೆಲ್ಟ್ ಬಿಚ್ಚಿದಳು. "ಡಾಕ್ಟ್ರು ಹೆದರ್ಕೊಳ್ಬೇಡಿ ಅಂದಿದ್ರಲ್ಲ. ಅದಕ್ಕೇ ರಸ್ತೆ ನೋಡ್ಲಿಲ್ಲ."