ಚೂಟಿಗೊಂದು ಪರ್ಮಿಟ್

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದು ಆಕಳಿಕೆ. ದೊಡ್ಡದೇನಲ್ಲ, ಅರ್ಧ ಬಾಯಿಗೇ ತಡೆದು ನುಂಗಿಬಿಟ್ಟ ಆಕಳಿಕೆ. ಆದರೆ ಅದು ಬಂದದ್ದು ಮೈಕಿನ ಮುಂದೆ, ನೇರ ಪ್ರಸಾರದಲ್ಲಿ, ಊರಿನ ಮಕ್ಕಳೆಲ್ಲ ಹಲ್ಲುಜ್ಜುತ್ತ ಕೇಳುವ ‘ಚೂಟಿ ಎದ್ದಳು’ ರೇಡಿಯೋ ನಾಟಕದ ನಟ್ಟನಡುವೆ.

ಕೇಳುಗರ ಲೆಕ್ಕದಲ್ಲಿ ಚೂಟಿ ಎಂಟು ವರ್ಷದ ಮುದ್ದು ಹುಡುಗಿ. ಆಕೆಗೆ ವಾರವಾರ ಚಾಕಲೇಟು, ರಿಬ್ಬನ್ನು, ಬಣ್ಣದ ಪೆನ್ಸಿಲ್ಲು ಪಾರ್ಸೆಲ್ಲಿನಲ್ಲಿ ಬರುತ್ತಿದ್ದವು. ನಾಟಕಕ್ಕೆ ಹಣ ಹಾಕುತ್ತಿದ್ದ ಸೋಪಿನ ಕಂಪನಿಯವರೂ ಅದನ್ನೇ ನಂಬಿ, ಸೋಪಿನ ಹೊದಿಕೆಯ ಮೇಲೆ ಎರಡು ಜಡೆಯ ಚೂಟಿಯ ಚಿತ್ರ ಅಚ್ಚು ಹಾಕಿಸಿದ್ದರು. ನಿಜವಾದ ಚೂಟಿಗೆ ನಲವತ್ಮೂರು ವರ್ಷ. ಮೂಗಿನ ಕೆಳಗೆ ಪೊರಕೆಯ ಕಡ್ಡಿಯಂಥ ಮೀಸೆ. ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

ಮೀಸೆಗೆ ಬಂದದ್ದೆಲ್ಲ ದೊಡ್ಡವರ ಹಾಗೇ ಬಂದಿತ್ತು: ಎತ್ತರ, ಹೊಟ್ಟೆ, ಮಂಡಿನೋವು. ದನಿಯೊಂದು ಮಾತ್ರ ಎರಡನೇ ಕ್ಲಾಸಿನಲ್ಲೇ ಉಳಿದುಬಿಟ್ಟಿತ್ತು. ಬಸ್ಸಿನಲ್ಲಿ ಟಿಕೆಟ್ ಕೇಳಿದರೆ ಕಂಡಕ್ಟರು ತಲೆ ಎತ್ತದೆ ಅರ್ಧ ಟಿಕೆಟ್ ಹರಿದುಕೊಡುತ್ತಿದ್ದ. ಇಂಥ ದನಿಗೆ ಇನ್ನೆಲ್ಲಿ ಕೆಲಸ ಸಿಗಬೇಕು? ಚೂಟಿ ಬದುಕಿದ್ದರೆ ಮೀಸೆಗೆ ಅನ್ನ. ಚೂಟಿಯ ಗುಟ್ಟು ಬಯಲಾದರೆ ಸೋಪಿನ ಕಂಪನಿಯೂ ಇಲ್ಲ, ನಾಟಕವೂ ಇಲ್ಲ, ಮೀಸೆಯೂ ಇಲ್ಲ.

ಬೆಳಗಿನ ಪ್ರಸಾರ ಮುಗಿಯುತ್ತಿದ್ದಂತೆ ಫೋನು ಹೊಡೆದುಕೊಂಡಿತು. ಸ್ಟುಡಿಯೋದ ಯಜಮಾನರು ಬಚ್ಚಲಲ್ಲಿದ್ದರು. ಮೀಸೆಯೇ ಎತ್ತಿದ.

“ಹಲೋ?”

“ಪುಟ್ಟಾ, ನೀನೇನಾ ಚೂಟಿ?” ಹೆಂಗಸಿನ ದನಿ, ಬೆಣ್ಣೆಯಷ್ಟು ಮೆತ್ತಗಿತ್ತು.

ಯಾರೋ ಅಭಿಮಾನಿ ಎಂದುಕೊಂಡ ಮೀಸೆ. “ಹೌದು.”

“ಇವತ್ತು ಆಕಳಿಸಿದೆಯಲ್ಲ ಕಂದಾ, ಎಷ್ಟೊತ್ತಿಗೆ ಎದ್ದೆ?”

“ಇನ್ನೂ ಕತ್ತಲಿತ್ತು.”

“ಅಯ್ಯೋ! ತಿಂಡಿ ತಿಂದ್ಯಾ?”

ಮೀಸೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ. ತಿಂಡಿ ತಿಂದೆಯಾ ಎಂದು ಅವನನ್ನು ಕೇಳಿದವರು ಈ ಕಟ್ಟಡದಲ್ಲಿ ಇದುವರೆಗೆ ಯಾರೂ ಇರಲಿಲ್ಲ. “ಇಲ್ಲ. ಕೆಲಸ ಮುಗಿಯೋವರೆಗೂ ಬಿಡಲ್ಲ.”

“ಶಾಲೆಗೆ?”

“ಶಾಲೆ ಬಿಟ್ಟು ತುಂಬಾ ವರ್ಷ ಆಯ್ತು.”

“ಯಾರಾದ್ರೂ ಹೊಡೀತಾರಾ ಪುಟ್ಟಾ?”

“ಹೊಡೆಯಲ್ಲ. ಬೈತಾರೆ. ಹೋದ ವಾರ ಸ್ಟೂಲಿನ ಮೇಲೆ ಕೂತಿದ್ದಕ್ಕೆ ಸ್ಟೂಲನ್ನೇ ಎತ್ತಿಟ್ರು.”

“ಅಳಬೇಡ ಕಂದಾ. ನಾನು ಕಾರ್ಮಿಕ ಇಲಾಖೆ ಇನ್‌ಸ್ಪೆಕ್ಟರ್. ನಾಳಿನ ಕಂತು ಸಂಜೆ ರೆಕಾರ್ಡಿಂಗ್ ಅಂತೆ, ಅದಕ್ಕೆ ಬರ್ತೀನಿ. ನಿಮ್ಮ ಯಜಮಾನರಿಗೆ ಹೇಳು: ಮಗು ಎದುರಿಗಿರಬೇಕು, ಪರ್ಮಿಟ್ ಇರಬೇಕು, ಪಾಲಕರು ಇರಬೇಕು. ಇಲ್ಲದಿದ್ರೆ ಬೀಗ ತಗೊಂಡೇ ಬರ್ತೀನಿ.”

ಫೋನು ಇಟ್ಟ ಮೀಸೆಯ ಮುಖ ಸುಣ್ಣ ಬಳಿದ ಗೋಡೆಯ ಹಾಗಿತ್ತು. ಮೈಯೊರೆಸಿಕೊಳ್ಳುತ್ತ ಬಂದ ಯಜಮಾನರು ಸಂಗತಿ ಕೇಳಿ ಟವೆಲನ್ನೇ ಕೈಬಿಟ್ಟರು. ಪುಣ್ಯಕ್ಕೆ ಒಳಗೊಂದು ಚಡ್ಡಿ ಇತ್ತು.

“ಕೇಳಿದ್ದಕ್ಕೆಲ್ಲ ನಿಜ ಹೇಳಿದ್ಯಾ? ನಿನಗೇನು ತಲೆ ಕೆಟ್ಟಿದ್ಯೇನೋ?”

“ಪ್ರೀತಿಯಿಂದ ಕೇಳಿದ್ರು ಸಾರ್.”

ಮೂಲೆಯಲ್ಲಿ ತಗಡು ಅಲ್ಲಾಡಿಸಿ ಗುಡುಗು ಮಾಡುತ್ತಿದ್ದ ಹೆಂಗಸು ನಕ್ಕಳು. ಮಳೆ, ಗಾಳಿ, ಕುದುರೆ, ಬಾಗಿಲ ಕಿರ್ರೆನ್ನುವಿಕೆ, ಎಲ್ಲ ಸದ್ದೂ ಅವಳ ಕೈಯವೇ. ಮಿಕ್ಕ ಹೊತ್ತಿನಲ್ಲಿ ರೆಕಾರ್ಡಿಂಗಿನ ಗುಂಡಿ ಒತ್ತುವ ಕೆಲಸವೂ ಅವಳದೇ. ಎಲ್ಲರೂ ಅವಳನ್ನು ಸದ್ದಕ್ಕ ಅನ್ನುತ್ತಿದ್ದರು. “ನಿಜ ಹೇಳಿಬಿಡಿ ಸಾರ್. ಮೀಸೆ ತೋರಿಸಿದ್ರೆ ಕೇಸೇ ಇಲ್ಲ.”

“ಕೇಸಿಲ್ಲ, ಸೋಪೂ ಇಲ್ಲ!” ಯಜಮಾನರು ಗುಡುಗಿದರು. ತಗಡಿಗಿಂತ ಜೋರಾಗಿಯೇ. “ಮೀಸೆ, ನಿನ್ನ ತಂಗಿಗೆ ಒಬ್ಬಳು ಮಗಳಿದ್ದಾಳಲ್ಲ, ಎಷ್ಟು ವಯಸ್ಸು?”

“ಎಂಟು. ಆದ್ರೆ ಸಾರ್, ಅವಳ ದನಿ…”

“ದನಿ ಯಾರಿಗೆ ಬೇಕು? ಅವಳು ಮೈಕಿನ ಮುಂದೆ ಕೂತು ತುಟಿ ಆಡಿಸ್ಲಿ. ನೀನು ಪರದೆ ಹಿಂದೆ ನಿಂತು ಮಾತಾಡು. ಸಂಜೆ ಒಳಗೆ ಪರ್ಮಿಟ್ ಮಾಡಿಸ್ಕೊಂಡು ಬಾ. ಇಲ್ಲಾಂದ್ರೆ ಬರಲೇಬೇಡ.”

ಮೀಸೆ ತಂಗಿಯ ಮನೆಗೆ ಓಡಿದ. ತಂಗಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು. ಸಂಗತಿ ಕೇಳಿ ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಮರೆತಳು.

“ಇವಳನ್ನಾ? ಅಣ್ಣಾ, ಇವಳು ಬಾಯಿ ಬಿಟ್ರೆ ಮುಗೀತು!”

ಅದಂತೂ ನಿಜ. ಹುಡುಗಿ ನೋಡುವುದಕ್ಕೆ ಸೋಪಿನ ಹೊದಿಕೆಯ ಚೂಟಿಯೇ. ಎರಡು ಜಡೆ, ಕೆನ್ನೆಯಲ್ಲಿ ಗುಳಿ. ಆದರೆ ದನಿ ಮಾತ್ರ ಖಾಲಿ ಡ್ರಮ್ಮನ್ನು ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ. ಅವಳು ಫೋನೆತ್ತಿದರೆ ಆ ಕಡೆಯವರು “ನಮಸ್ಕಾರ ಸಾರ್” ಎನ್ನುತ್ತಿದ್ದರು. ಮಾವನಿಗೂ ಸೊಸೆಗೂ ದನಿ ಹಂಚುವಾಗ ಮೇಲಿನವನಿಗೆ ಅದೇನೋ ಗಡಿಬಿಡಿ ಆಗಿರಬೇಕು.

“ಮಾತಾಡೋ ಹಾಗಿಲ್ಲ ಪುಟ್ಟಿ, ಸುಮ್ನೆ ಕೂರಬೇಕು ಅಷ್ಟೇ,” ಎಂದ ಮೀಸೆ.

“ಏನು ಕೊಡ್ತೀಯ ಮಾಮ?” ಡ್ರಮ್ಮು ಉರುಳಿತು.

“ಚೂಟಿಗೆ ಬರೋ ಚಾಕಲೇಟೆಲ್ಲ ನಿನಗೇ.”

ಈವರೆಗೆ ಆ ಚಾಕಲೇಟು ತಿನ್ನುತ್ತಿದ್ದವನು ಅವನೇ. ಹೇಳುವಾಗ ನಾಲಿಗೆ ಒಣಗಿತು.

“ನನಗೆ ಪುರುಸೊತ್ತಿಲ್ಲ, ಪಾಲಕ ಅಂತ ನೀನೇ ಸಹಿ ಹಾಕ್ಕೋ,” ಎಂದು ತಂಗಿ ಸುಟ್ಟ ಅಂಗಿಯನ್ನು ಅಣ್ಣನ ಮುಖಕ್ಕೆ ಹಿಡಿದಳು. “ಇದನ್ನೂ ನೀನೇ ಹಾಕ್ಕೋ.”

ಪರ್ಮಿಟ್ ಎಂದರೆ ಸುಮ್ಮನೆ ಸಿಗುವುದಲ್ಲ. ಮಗುವಿನ ಓದು ಕೆಡುವುದಿಲ್ಲ ಎಂದು ಶಾಲೆಯವರು ಹೇಳಬೇಕು, ಮೈ ಗಟ್ಟಿಯಿದೆ ಎಂದು ಡಾಕ್ಟರು ಹೇಳಬೇಕು. ಶಾಲೆಯ ದೊಡ್ಡ ಟೀಚರು ಹುಡುಗಿಯನ್ನು ನೋಡಿ, “ಇವಳು ತರಗತೀಲಿ ಇಲ್ಲದಿದ್ರೆ ನಮಗೇನೂ ನಷ್ಟ ಇಲ್ಲ. ಬೇಕಾದ್ರೆ ಅರ್ಧ ವರ್ಷ ಇಟ್ಕೊಳ್ಳಿ,” ಎಂದು ಖುಷಿಯಾಗಿಯೇ ಸಹಿ ಮಾಡಿದರು. ಕೈಯಲ್ಲಿ ಹಿಡಿದಿದ್ದ ಪೆನ್ನಿಗಿಂತ ಬೇಗ ಅವರ ನಗು ಓಡುತ್ತಿತ್ತು.

ಡಾಕ್ಟರು ಹುಡುಗಿಯ ನಾಡಿ ನೋಡಿದರು, ಕಣ್ಣು ನೋಡಿದರು. ಬಾಯಿ ತೆರೆಸಿದಾಗ ಮೀಸೆ ದೇವರನ್ನು ನೆನೆದ. ಹುಡುಗಿ “ಆ” ಎಂದಳು. ಡಾಕ್ಟರು ಕುರ್ಚಿ ಸಮೇತ ಹಿಂದೆ ಸರಿದರು.

“ಶೀತ ಸಾರ್, ಶೀತ,” ಎಂದ ಮೀಸೆ.

ಆ ಎಳೆ ದನಿ ಎಲ್ಲಿಂದ ಬಂತೆಂದು ಡಾಕ್ಟರು ಮೇಜಿನ ಕೆಳಗೆ ಇನ್ನೊಂದು ಮಗುವಿಗಾಗಿ ಹುಡುಕಿದರು. ಕೊನೆಗೆ ಮೀಸೆಯನ್ನು ಕೂರಿಸಿ ಅವನ ತೋಳಿಗೂ ಪಟ್ಟಿ ಸುತ್ತಿ ಗಾಳಿ ಒತ್ತಿದರು. ಒತ್ತುತ್ತ ಒತ್ತುತ್ತ ಅವರ ಹುಬ್ಬು ಹಣೆ ಹತ್ತಿತು. “ಮಗು ಗುಂಡುಕಲ್ಲು. ಧಾರಾಳವಾಗಿ ಕೆಲಸ ಮಾಡಬಹುದು. ನೀವು ಮಾಡಬಾರದು. ಇದೇನ್ರೀ ಇಷ್ಟು ರಕ್ತದೊತ್ತಡ? ಮನೆಗೆ ಹೋಗಿ ಮಲಗಿ.”

ಮಲಗುವುದಕ್ಕೆ ಹೊತ್ತೆಲ್ಲಿ? ಪರ್ಮಿಟ್ ಕಚೇರಿಯ ಗುಮಾಸ್ತನಿಗೆ ಚೂಟಿ ಎಂದರೆ ಪ್ರಾಣ. “ಅಯ್ಯೋ ನಮ್ಮ ಚೂಟಿನಾ! ಒಂದೇ ಒಂದು ಸಲ ರೇಡಿಯೋದಲ್ಲಿ ದಿನಾ ಹೇಳೋ ಆ ಮಾತು ಹೇಳು ಮರಿ. ಆಮೇಲೆ ಮೊಹರು.”

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಮೀಸೆ ಕೈಯಲ್ಲಿದ್ದ ಚಿಲ್ಲರೆಯನ್ನು ಬೇಕೆಂದೇ ಚೆಲ್ಲಿ, ಎತ್ತಿಕೊಳ್ಳುವ ನೆಪದಲ್ಲಿ ಮೇಜಿನ ಕೆಳಗೆ ನುಗ್ಗಿದ. ಅಲ್ಲಿಂದಲೇ ಕೂಗಿದ: “ಎದ್ದೆ ಎದ್ದೆ, ಎಲ್ಲಾರ್ಗಿಂತ ಮೊದಲೆದ್ದೆ!”

ಗುಮಾಸ್ತ ಕಣ್ಣೊರೆಸಿಕೊಂಡು ಮೊಹರು ಕುಟ್ಟಿದ. ಮೀಸೆ ಮೇಲೇಳುವಾಗ ಮೇಜಿನ ಅಂಚಿಗೆ ತಲೆ ಕುಟ್ಟಿಕೊಂಡ. ಎರಡೂ ಸದ್ದು ಒಂದೇ ಸಲ ಕೇಳಿಸಿತು.

ಸಂಜೆ ಇನ್‌ಸ್ಪೆಕ್ಟರಮ್ಮ ಬಂದರು. ಗಿಡ್ಡ ದೇಹ, ದಪ್ಪ ಕನ್ನಡಕ, ಕೈಯಲ್ಲಿ ಗಡಿಯಾರ. ಹುಡುಗಿಯನ್ನು ಕಂಡದ್ದೇ ತಬ್ಬಿಕೊಂಡರು. “ಶಾಲೆ ಬಿಟ್ಟು ವರ್ಷಗಟ್ಟಲೆ ಆಯ್ತು ಅಂದ್ಯಲ್ಲೇ ಕಂದಾ!”

“ಹೆಹ್ಹೆ, ಮಕ್ಕಳ ತಮಾಷೆ ಅಮ್ಮಾ. ಪಾಲಕರು ಈಗ ಬಂದ್ಬಿಡ್ತಾರೆ,” ಎಂದು ಯಜಮಾನರು ಪರ್ಮಿಟ್ಟನ್ನು ಮುಂದೆ ಹಿಡಿದರು. ಹುಡುಗಿ ತುಟಿ ಹೊಲಿದುಕೊಂಡವಳಂತೆ ನಕ್ಕಳು.

ಇನ್‌ಸ್ಪೆಕ್ಟರಮ್ಮ ತಮ್ಮ ಕಾನೂನನ್ನು ಒಂದೊಂದಾಗಿ ಬಿಚ್ಚತೊಡಗಿದರು. ಮಗುವಿಗೆ ಮೆತ್ತನೆಯ ಕುರ್ಚಿ ಬೇಕು. ಗಾಳಿ ಬೇಕು. ಆಗಾಗ ಬಿಡುವು ಬೇಕು. ಬಿಡುವಿನಲ್ಲಿ ಹಾಲು, ಹಣ್ಣು. ನಡುವೆ ಪಾಠ. ಕತ್ತಲಾಗುವ ಮೊದಲು ಮನೆ. ಯಜಮಾನರು ಸ್ವತಃ ಬೀಸಣಿಗೆ ಹಿಡಿದು ನಿಂತರು. ಪರದೆಯ ಹಿಂದೆ ಒಂಟಿಕಾಲಿನ ಮೇಲೆ ನಿಂತ ಮೀಸೆಗೆ ಬೆವರು ಮೀಸೆಯಿಂದ ತೊಟ್ಟಿಕ್ಕುತ್ತಿತ್ತು. ಬೆಳಗಿನಿಂದ ಹೊಟ್ಟೆಗೆ ಬಿದ್ದದ್ದು ಎರಡು ಲೋಟ ನೀರು ಮಾತ್ರ.

ನಾಟಕ ಶುರುವಾಯಿತು. ಅಜ್ಜನ ಪಾತ್ರಕ್ಕೆ ಬೇರೆಯವರಿಗೆ ಯಾಕೆ ದುಡ್ಡು ಕೊಡಬೇಕೆಂದು ಯಜಮಾನರೇ ಕೆಮ್ಮಿ ಕೆಮ್ಮಿ ಅಜ್ಜನಾಗುತ್ತಿದ್ದರು. ಹುಡುಗಿ ತುಟಿ ಆಡಿಸಿದಳು, ಪರದೆ ಮಾತಾಡಿತು. ಎಲ್ಲ ಸರಾಗ. ಇನ್‌ಸ್ಪೆಕ್ಟರಮ್ಮ ಗಾಜಿನಾಚೆ ಕೂತು ಕರಗಿಹೋದರು. ಗಡಿಯಾರ ನೋಡಿ, “ಬಿಡುವು!” ಎಂದು ಹುಡುಗಿಯನ್ನು ಹೊರಗೆ ಕರೆದುಕೊಂಡು ಹೋಗಿ ತಮ್ಮ ಪಕ್ಕವೇ ಕೂರಿಸಿ ಬಾಳೆಹಣ್ಣು ಸುಲಿದುಕೊಟ್ಟರು.

ಆಗ ಸದ್ದಕ್ಕ ಗುಂಡಿಗಳ ಮುಂದೆ ಕೂತು, ಹೊರಗಿನ ಸ್ಪೀಕರು ಹಚ್ಚಿಯೇ ಇದೆ ಎಂಬುದನ್ನು ಮರೆತು ಹೇಳಿದಳು: “ಮೀಸೆ, ಆ ಆನೆ ಸಾಲು ಕೆಟ್ಟಿದೆ ಕಣೋ. ಇನ್ನೊಂದ್ಸಲ ಹೇಳು.”

“ಅಜ್ಜಾ, ಅಜ್ಜಾ, ಆನೆ ಯಾಕೆ ಚಪ್ಪಲಿ ಹಾಕಲ್ಲ?” ಸ್ಪೀಕರು ಮುದ್ದು ಸುರಿಸಿತು.

ಇನ್‌ಸ್ಪೆಕ್ಟರಮ್ಮ ಸ್ಪೀಕರನ್ನು ನೋಡಿದರು. ಹುಡುಗಿಯ ಬಾಯಿ ನೋಡಿದರು. ಬಾಯಿ ತುಂಬ ಬಾಳೆಹಣ್ಣು.

ಹುಡುಗಿ ನಿಧಾನವಾಗಿ ನುಂಗಿ, ಒಡೆದ ಡ್ರಮ್ಮಿನ ದನಿಯಲ್ಲಿ ಹೇಳಿದಳು: “ನಾನಲ್ಲ.”

ಕನ್ನಡಕ ಬಿತ್ತು. ಗಡಿಯಾರ ಬಿತ್ತು. ಇನ್‌ಸ್ಪೆಕ್ಟರಮ್ಮ ಬೀಳಲಿಲ್ಲ, ಗೋಡೆ ಇತ್ತು. ಮರುಕ್ಷಣ ಒಳಗೆ ನುಗ್ಗಿ ಪರದೆ ಎಳೆದರು. ಸುಟ್ಟ ಅಂಗಿ ತೊಟ್ಟ, ಮೀಸೆ ಹೊತ್ತ ಚೂಟಿ ಕೈಮುಗಿದು ನಿಂತಿತ್ತು.

“ಬೆಳಗ್ಗೆ ಫೋನಲ್ಲಿ…?”

“ನಾನೇ ಅಮ್ಮಾ. ಹೇಳಿದ್ದೆಲ್ಲ ನಿಜವೇ.”

ಯಜಮಾನರ ಕೈಯಲ್ಲಿ ಬೀಸಣಿಗೆ ತನ್ನಷ್ಟಕ್ಕೇ ಬೀಸುತ್ತಿತ್ತು. ಕಡೆಗೆ ಅವರೇ ಉಗುಳು ನುಂಗಿ ಹೇಳಿದರು: “ಹಾಗಾದ್ರೆ ಅಮ್ಮಾ, ಮಗು ಕೆಲಸ ಮಾಡೇ ಇಲ್ಲ. ತಪ್ಪೂ ಇಲ್ಲ, ಅಲ್ವೇ?”

“ತಪ್ಪಿಲ್ವಾ?” ಇನ್‌ಸ್ಪೆಕ್ಟರಮ್ಮನ ಬೆಣ್ಣೆಯಂಥ ದನಿ ಕಲ್ಲಾಯಿತು. “ಕೆಲಸ ಮಾಡದ ಮಗು ಹೆಸರಲ್ಲಿ ಸರ್ಕಾರದ ಪರ್ಮಿಟ್ ತಗೊಂಡಿದ್ದೀರಿ! ಈ ಮಗು ಈ ನಾಟಕದಲ್ಲಿ ಮಾತಾಡುತ್ತೆ ಅಂತ ಮೊಹರು ಬಿದ್ದಿದೆ. ಮಾತಾಡದಿದ್ರೆ ಅದು ಮೋಸ. ಬೀಗ ಹಾಕ್ತೀನಿ.”

ಮಕ್ಕಳಿಗೆ ಕೆಲಸ ತಪ್ಪಿಸಲು ಬಂದವರು ಈಗ ಮಗು ಕೆಲಸ ಮಾಡಲೇಬೇಕೆಂದು ಪಟ್ಟು ಹಿಡಿದು ಕೂತರು. ಚೂಟಿ ಡ್ರಮ್ಮಿನ ದನಿಯಲ್ಲಿ ಮಾತಾಡಿದರೆ ನಾಳೆ ಸೋಪು ಕೊಳ್ಳುವವರು ಯಾರು?

ಬೇರೆ ದಾರಿಯಿಲ್ಲದೆ ಯಜಮಾನರು ಹುಡುಗಿಯನ್ನು ಮೈಕಿನ ಮುಂದೆ ಕೂರಿಸಿದರು. “ಏನಾದ್ರೂ ಹೇಳಮ್ಮಾ.”

ಹುಡುಗಿ ಎದುರಿಗಿದ್ದ ಹಾಳೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಸಾಲನ್ನು ಓದಿದಳು. ಅದು ಚೂಟಿಯದಾಗಿರಲಿಲ್ಲ. “ಆನೆಗೆ ಬಗ್ಗೋಕಾಗಲ್ಲ ಮಗೂ. ನನಗೂ ಆಗಲ್ಲ. ನನ್ನ ಸೊಂಟ ನೋಡು.”

ಎಂಬತ್ತು ವರ್ಷದ ಮುದುಕ ಅಲ್ಲೇ ಎಲ್ಲೋ ಕೋಲೂರಿ ನಿಂತ ಹಾಗಾಯಿತು. ಸದ್ದಕ್ಕನ ಕೈಯಿಂದ ಗುಡುಗು ಜಾರಿ ಬಿತ್ತು. ಯಜಮಾನರು ಬಾಯಿ ತೆರೆದವರು ಮುಚ್ಚಲಿಲ್ಲ. “ನಾನು ಇಷ್ಟು ವರ್ಷ ಕೆಮ್ಮಿದ್ದೆಲ್ಲ ದಂಡ ಆಯ್ತಲ್ಲೋ! ಅಜ್ಜ ಅಂದ್ರೆ ಇವಳು ಕಣ್ರಪ್ಪಾ!”

ಪರ್ಮಿಟ್ಟಿನಲ್ಲಿ ಯಾವ ಪಾತ್ರ ಎಂದು ಬರೆದಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಹಾಗಾದ್ರೆ ಸರಿ,” ಎಂದರು. ಬದುಕಿದೆನಪ್ಪಾ ಎಂದು ಮೀಸೆ ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಬರುವಷ್ಟರಲ್ಲಿ ಅವರು ಅವನತ್ತ ಬೆರಳೆತ್ತಿದರು.

“ಪರ್ಮಿಟ್ಟಿನಲ್ಲಿ ಪಾಲಕರ ಸಹಿ ನಿಮ್ಮದು ತಾನೆ? ಮಗು ಕೆಲಸ ಮಾಡುವಾಗ ಪಾಲಕರು ಕಣ್ಣಳತೇಲಿ ಕೂತಿರಬೇಕು. ಆ ಹೊತ್ತಲ್ಲಿ ತಾವು ಕೆಲಸ ಮಾಡೋ ಹಾಗಿಲ್ಲ, ಕಾನೂನು.”

“ಹಾಗಾದ್ರೆ ಚೂಟಿ?”

“ಮಗು ಮನೆಗೆ ಹೋದ ಮೇಲೆ ನೀನೊಬ್ಬನೇ ನಿಂತು ಮಾಡು,” ಎಂದರು ಯಜಮಾನರು, ತೀರ್ಪು ಕೊಟ್ಟವರಂತೆ. “ಅವಳದ್ದು ಮೊದಲು, ನಿನ್ನದು ಆಮೇಲೆ. ಇನ್ಮೇಲೆ ನೇರ ಪ್ರಸಾರ ಬೇಡ, ಎರಡನ್ನೂ ಸೇರಿಸಿಕೊಳ್ಳೋಣ. ಇನ್ನೊಂದು ಮಾತು, ಸೋಪಿನವರಿಗೆ ಅನುಮಾನ ಬರಬಾರದು. ಹೆಸರು ಹೇಳುವಾಗ ಚೂಟಿ ಈ ಮಗು, ಅಜ್ಜ ಮೀಸೆ.”

ಹೊರಡಲು ಎದ್ದ ಇನ್‌ಸ್ಪೆಕ್ಟರಮ್ಮನ ಹಿಂದೆ ಮೀಸೆ ಬಾಗಿಲವರೆಗೂ ಹೋದ. “ಅಮ್ಮಾ, ಬೆಳಗಿಂದ ಏನೂ ತಿಂದಿಲ್ಲ. ಡಾಕ್ಟರು ಮಲಗು ಅಂದಿದ್ದಾರೆ. ನನಗೂ ಏನಾದ್ರೂ ಬಿಡುವು, ಹಾಲು, ಕುರ್ಚಿ…”

ಅವರು ಕಣ್ಣು ಮುಚ್ಚಿ ಆ ದನಿ ಕೇಳಿದರು. ಮುಖ ಮತ್ತೆ ಬೆಣ್ಣೆಯಾಯಿತು. ಆಮೇಲೆ ಕಣ್ಣು ತೆರೆದರು. ಮೀಸೆ ಕಂಡಿತು.

“ಎಷ್ಟು ವಯಸ್ಸು?”

“ನಲವತ್ಮೂರು.”

“ಛೆ,” ಎಂದರು, ಕೈತಪ್ಪಿದ ಬಸ್ಸನ್ನು ನೋಡುವವರಂತೆ. “ಸ್ವಲ್ಪ ಮುಂಚೆ ಬರಬಾರದಿತ್ತೇ?”

ಹುಡುಗಿ, ತನ್ನನ್ನು ಕರೆದೊಯ್ಯಲು ಬಂದ ಅಮ್ಮನ ಕೈಹಿಡಿದು, ಎರಡು ಜೇಬಿನ ತುಂಬ ಚಾಕಲೇಟು ತುರುಕಿಕೊಂಡು ಮೆಟ್ಟಿಲಿಳಿದಳು. ಇಳಿಯುತ್ತ ಹಿಂತಿರುಗಿ, ಮನೆಯ ಹಿರಿಯನೊಬ್ಬ ಕಿರಿಯರಿಗೆ ಬುದ್ಧಿ ಹೇಳುವ ಗತ್ತಿನಲ್ಲಿ, “ಮಾಮ, ಜಾಸ್ತಿ ದುಡೀಬೇಡ. ಮೈಗೆ ಒಳ್ಳೇದಲ್ಲ,” ಎಂದಳು.

“ಮೀಸೇ!” ಒಳಗಿನಿಂದ ಯಜಮಾನರು ಕೂಗಿದರು. “ಚೂಟಿ ಅಳೋ ಸೀನು ಬಾಕಿ ಇದೆ, ಬಾರೋ.”

ಮೀಸೆ ಮೈಕಿನ ಮುಂದೆ ಹೋಗಿ ನಿಂತ. ಸದ್ದಕ್ಕ ಗುಂಡಿ ಒತ್ತಿದಳು. ಆ ಸೀನು ಒಂದೇ ಸಲಕ್ಕೆ ಓಕೆ ಆಯಿತು. ಇಷ್ಟು ಸಹಜವಾಗಿ ಯಾವ ಮಗುವೂ ಅತ್ತದ್ದನ್ನು ತಾನು ಕೇಳಿಲ್ಲ ಎಂದು ಸದ್ದಕ್ಕ ಕಣ್ಣೊರೆಸಿಕೊಂಡಳು. ಸೀನು ಮುಗಿದ ಮೇಲೂ ಚೂಟಿ ಅಳುತ್ತಲೇ ಇತ್ತು.