ಮುನಿನಂಜಪ್ಪನವರ ತುಟಿ

ನಾಟಕ ಬರೆಯಲು ಬಾರದವರೇ ನಾಟಕ ಬರೆಯುವುದನ್ನು ಕಲಿಸಲು ಕೂರುತ್ತಾರೆ ಎಂದು ನನ್ನ ಬೆನ್ನ ಹಿಂದೆ ಯಾರೋ ಆಡಿಕೊಂಡರಂತೆ. ಮುಖದ ಮುಂದೆ ಆಡಿದ್ದರೂ ನಾನು ಜಗಳಕ್ಕೆ ಹೋಗುತ್ತಿರಲಿಲ್ಲ. ನನ್ನ ಕೊನೆಯ ನಾಟಕ ರಂಗದ ಮೇಲೆ ಬಂದು ಆರು ವರ್ಷವಾಗಿತ್ತು. ಆಮೇಲೆ ಶುರು ಮಾಡಿದ್ದೆಲ್ಲ ಮೂರನೆಯ ದೃಶ್ಯಕ್ಕೆ ಬಂದು, ಅಲ್ಲಿಂದ ಏಳಲಾರೆ ಎಂದು ಕೂತುಬಿಡುತ್ತಿತ್ತು. ಮದುವೆಮನೆಗಳಲ್ಲಿ ಯಾರಾದರೂ "ಏನ್ ಮಾಡ್ಕೊಂಡಿದೀರಾ?" ಎಂದು ಕೇಳಿದರೆ ನಾನು "ನಾಟಕ ಬರೀತೀನಿ" ಎನ್ನುತ್ತೇನೆ. ಅವರ ಮುಖದಲ್ಲಿ ಮರುಕ ಮೂಡುವ ಮೊದಲೇ ನನ್ನ ಹೆಂಡತಿ ಸುಮಿತ್ರಾ ನಡುವೆ ಬಾಯಿ ಹಾಕಿ "ಕ್ಲಾಸ್ ತಗೋತಾರೆ" ಎಂದು ಮಾನ ಕಾಪಾಡುತ್ತಾಳೆ. ಯಾವ ಕ್ಲಾಸೆಂದು ಅವಳು ಹೇಳುವುದಿಲ್ಲ. ಕೇಳಿದವರು ಗಣಿತವಿರಬೇಕೆಂದು ತಿಳಿದು ಸಮಾಧಾನದಿಂದ ಊಟಕ್ಕೆ ಹೋಗುತ್ತಾರೆ.

ಕ್ಲಾಸು ನಡೆಯುವುದು ಸಿಂಗಾಪುರದಲ್ಲಿ (ವಿಮಾನ ಹತ್ತಿ ಹೋಗುವ ಸಿಂಗಾಪುರವಲ್ಲ, ನಮ್ಮ ಯಶವಂತಪುರದ ಆಚೆಯದು), ಒಂದು ಹಿಟ್ಟಿನ ಮಿಲ್ಲಿನ ಮೇಲಿನ ಮಹಡಿಯಲ್ಲಿ, ಭಾನುವಾರ ಬೆಳಗ್ಗೆ ಹತ್ತರಿಂದ ಒಂದರವರೆಗೆ. ಭಾನುವಾರ ಮಿಲ್ಲಿಗೆ ರಜೆ. ಆದರೂ ವಾರವಿಡೀ ಬೀಸಿದ ರಾಗಿ, ಗೋಧಿಯ ಧೂಳು ಮೆಟ್ಟಿಲು ಹತ್ತಿ ಬಂದು ಬೆಂಚುಗಳ ಮೇಲೆ ನಮಗಿಂತ ಮೊದಲೇ ಕೂತಿರುತ್ತದೆ. ಮಿಲ್ಲು ನಿಂತಿದ್ದಾಗಲೂ ಒಮ್ಮೊಮ್ಮೆ ನೆಲ ಅಂಗಾಲಿನ ಕೆಳಗೆ ಸಣ್ಣಗೆ ನಡುಗುತ್ತದೆ. ಲಾರಿ ಹೋಗಿರಬೇಕು ಎಂದುಕೊಂಡು ಕಿಟಕಿಯಿಂದ ಬಗ್ಗಿ ನೋಡಿದರೆ ರಸ್ತೆಯಲ್ಲಿ ಲಾರಿ ಇರುವುದಿಲ್ಲ, ಒಂದು ನಾಯಿ ಮಲಗಿರುತ್ತದೆ. ಇಂಥದ್ದಕ್ಕೆಲ್ಲ ಹೆದರುವ ಜಾತಿಯವನಲ್ಲ ನಾನು. ಹನ್ನೊಂದು ಜನ ವಿದ್ಯಾರ್ಥಿಗಳ ಮುಂದೆ ಎದೆ ಸೆಟೆಸಿ ನಿಂತು, "ಪಾತ್ರದ ಮುಂದಿನ ಮಾತು ಏನೆಂದು ಕೇಳುಗನಿಗೆ ಮೊದಲೇ ಗೊತ್ತಾದರೆ ನಾಟಕ ಸತ್ತಿತು ಎಂದೇ ಲೆಕ್ಕ" ಎಂದು ಪಾಠ ಮಾಡುತ್ತಿದ್ದೆ. ಆ ಮಾತನ್ನು ಎಷ್ಟು ಭಾನುವಾರ ಹೇಳಿದ್ದೇನೋ ನನಗೇ ನೆನಪಿಲ್ಲ.

ಹನ್ನೆರಡನೆಯವರಾಗಿ ಬಂದವರು ಮುನಿನಂಜಪ್ಪನವರು. ಎಪ್ಪತ್ತು ದಾಟಿದ ಮನುಷ್ಯ. ಸಿಂಗಾಪುರ ಇನ್ನೂ ಹಳ್ಳಿಯಾಗಿದ್ದಾಗಿನಿಂದ ಅಲ್ಲಿಯೇ ಇರುವ ಮನೆತನ. ಯಶವಂತಪುರದ ಯಾರ್ಡಿನಲ್ಲಿ ಈರುಳ್ಳಿ ತೂಕ ಹಾಕಿಸುವ ಕೆಲಸ ಮಾಡುತ್ತಿದ್ದರಂತೆ. ಅದರ ಜೊತೆಗೆ ಸುತ್ತಲಿನ ಹಳ್ಳಿಗಳವರು ಆಡುತ್ತಿದ್ದ ಪೌರಾಣಿಕ ನಾಟಕಗಳಿಗೆಲ್ಲ ನಲವತ್ತು ವರ್ಷ ಇವರೇ ಪ್ರಾಂಪ್ಟರು. ಪರದೆಯ ಪಕ್ಕದಲ್ಲಿ, ಜನಕ್ಕೆ ಕಾಣದ ಹಾಗೆ ನಿಂತು, ರಾಜನಿಗೋ ರಾಕ್ಷಸನಿಗೋ ಮಾತು ಮರೆತರೆ ಪಿಸುಗುಟ್ಟಿ ನೆನಪಿಸುವ ಕೆಲಸ. "ಈಗ ನಾಟ್ಕ ಆಡೋರೇ ಇಲ್ಲ ಸ್ವಾಮಿ. ಮನೇಲಿ ಸುಮ್ಕೆ ಕುಂತ್ರೆ ಬಾಯಿ ಕೆಟ್ಟೋಯ್ತದೆ. ಒಂದ್ ಮೂಲೇಲಿ ಇರ್ತೀನಿ, ಬುಡಿ" ಎಂದರು. ಹೊಸದೊಂದು ನೋಟ್‌ಬುಕ್ಕು ತಂದಿದ್ದರು. ಹಿಂದಿನ ಬೆಂಚಿನಲ್ಲಿ, ಗೋಡೆಗೆ ಒರಗದೆ ನೆಟ್ಟಗೆ ಕೂತರು. ಹಿಟ್ಟಿನ ಧೂಳು ಅವರ ಹುಬ್ಬಿನ ಮೇಲೆ ಬೇಗ ಕೂರುತ್ತಿತ್ತು. ಅದನ್ನು ಅವರು ಒರೆಸಿಕೊಳ್ಳುತ್ತಿರಲಿಲ್ಲ.

ಅವರ ತುಟಿಯನ್ನು ನಾನು ಮೊದಲು ಗಮನಿಸಿದ್ದು ರಶ್ಮಿ ಎಂಬ ಹುಡುಗಿ ತನ್ನ ದೃಶ್ಯ ಓದುವಾಗ. ಅವಳು ಅದನ್ನು ಅವತ್ತೇ ಬೆಳಗ್ಗೆ ಗೊರಗುಂಟೆಪಾಳ್ಯದಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿದ್ದಾಗ ಫೋನಿನಲ್ಲಿ ಟೈಪ್ ಮಾಡಿದ್ದಳು. ಬಾಡಿಗೆಮನೆಯ ಹುಡುಗಿ ಮತ್ತು ಓನರ್ ಆಂಟಿ, ನಡುವೆ ಒಂದು ಸೋರುವ ನಲ್ಲಿ. ಓದುತ್ತ ಓದುತ್ತ ರಶ್ಮಿ, "ಇದು ಸೋರ್ತಿಲ್ಲ ಆಂಟಿ, ನಿಮ್ಮನ್ನ ನೋಡಿ ಅಳ್ತಿದೆ" ಎಂಬ ಘೋರ ಮಾತಿಗೆ ಬಂದಳು. ಆ ಕ್ಷಣ ನನ್ನ ಕಣ್ಣು ಯಾಕೋ ಹಿಂದಿನ ಬೆಂಚಿನ ಕಡೆ ಹೋಗಿತ್ತು. ಮುನಿನಂಜಪ್ಪನವರ ತುಟಿಗಳು ಆಡುತ್ತಿದ್ದವು. ದನಿಯಿಲ್ಲ. "ಅಳ್ತಿದೆ" ಎಂದು ಅವರ ತುಟಿ ಹೇಳಿ ಮುಗಿಸಿದ ಮೇಲೆ ರಶ್ಮಿಯ ಬಾಯಿ ಅದನ್ನು ಹೇಳಿತು. ನಲ್ಲಿ ಅಳುತ್ತದೆಂದು ಈ ಭೂಮಿಯ ಮೇಲೆ ಯಾರೂ ಊಹಿಸಲಾರರು. ನನ್ನ ಕೈಯ ರೋಮ ನೆಟ್ಟಗಾಯಿತು. ರಶ್ಮಿ ಓದು ಮುಗಿಸಿ "ಹೇಗಿದೆ ಸಾರ್?" ಎಂದಳು. "ಭಯಂಕರವಾಗಿದೆ" ಎಂದೆ. ಅವಳು ಥ್ಯಾಂಕ್ಸ್ ಹೇಳಿದಳು.

ಮುಂದಿನ ಮೂರು ಭಾನುವಾರ ನಾನು ಪಾಠ ಮಾಡಿದ್ದಕ್ಕಿಂತ ಆ ತುಟಿಗಳನ್ನು ಕಾದದ್ದೇ ಹೆಚ್ಚು. ಯಾರು ಓದಲಿ, ಏನು ಓದಲಿ, ಅರ್ಧ ಉಸಿರಿನಷ್ಟು ಮುಂದೆ ಅವರ ತುಟಿ ಆಡುತ್ತಿತ್ತು. ಓದುವವರು ತಡವರಿಸಿದರೆ ಅವರ ತಡವರಿಕೆಯನ್ನೂ ಮೊದಲೇ ಆಡಿ ಕಾಯುತ್ತಿತ್ತು. ವಿದ್ಯಾರ್ಥಿಗಳೆಲ್ಲ ಅವರಿಗೆ ಬೆನ್ನು ಹಾಕಿ ಕೂರುತ್ತಿದ್ದರಿಂದ ಇದು ಕಾಣುತ್ತಿದ್ದುದು ನನಗೊಬ್ಬನಿಗೇ. ಸುಮಿತ್ರಾಳಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ನೀವು ಮುಂದೆ ಏನ್ ಹೇಳ್ತೀರಾ ಅಂತ ನನಗೂ ಗೊತ್ತಾಗತ್ತೆ ಕಣ್ರೀ. ಅದಕ್ಕೆ ದೊಡ್ಡ ಶಕ್ತಿ ಬೇಕಾ?" ಎಂದಳು. ನಾನು ಮುಖ ಊದಿಸಿಕೊಂಡು ಎದ್ದುಹೋದೆ. ಎದ್ದುಹೋಗುತ್ತೇನೆಂದೂ ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ನನ್ನ ಕಾಫಿ ಲೋಟವನ್ನು ಮೊದಲೇ ಹೊರಗಿಟ್ಟಿದ್ದಳು.

ಇದೇ ಹೊತ್ತಿಗೆ ನನ್ನ ಪ್ರಾಣಸಂಕಟವೊಂದು ಶುರುವಾಗಿತ್ತು. ಪ್ರಭಾಕರ ನನ್ನ ಹಳೆಯ ಸ್ನೇಹಿತ, ಸ್ವಂತ ತಂಡ ಕಟ್ಟಿರುವ ನಿರ್ದೇಶಕ. ಆರು ವರ್ಷದ ನಂತರ ಹೇಗೋ ತೇಕುತ್ತಾ ಕೊನೆಯವರೆಗೆ ಬಂದ ನನ್ನ ಹೊಸ ನಾಟಕವನ್ನು ಒಂದು ಭಾನುವಾರ ಕ್ಲಾಸಿಗೇ ಬಂದು ಕೇಳಲು ಅವನು ಒಪ್ಪಿದ್ದ. "ನೋಡು ಗುರು, ಇಷ್ಟ ಆದ್ರೆ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ಮುಖ ನೋಡಿ ಹೇಳ್ತೀನಿ" ಎಂದಿದ್ದ. ಅವನೂ ಬೇಡವೆಂದರೆ ಇನ್ನು ನನ್ನನ್ನು ಕೇಳುವ ನಿರ್ದೇಶಕರು ಯಾರೂ ಉಳಿದಿರಲಿಲ್ಲ. ನಾಟಕಕಾರ ಎಂಬ ಪದ ನನ್ನ ಮೇಲಿಂದ ಬಿದ್ದುಹೋಗಿ, ಹಿಟ್ಟಿನ ಮಿಲ್ಲಿನ ಮೇಷ್ಟ್ರು ಎಂಬುದಷ್ಟೇ ಉಳಿಯುತ್ತಿತ್ತು. ನಾಟಕದಲ್ಲಿ ಒಬ್ಬ ನಿವೃತ್ತ ರೈಲ್ವೆ ಗಾರ್ಡು. ಆರು ವರ್ಷದಿಂದ ಅವನೊಡನೆ ಮಾತು ಬಿಟ್ಟಿರುವ ಮಗಳು ನಳಿನಿ. ಕೊನೆಯಲ್ಲಿ ತಂದೆಯದೊಂದು ಉದ್ದನೆಯ ಮಾತು. ಅದನ್ನು ಬರೆದು ನಾನೇ ಅತ್ತಿದ್ದೆ. ಧೈರ್ಯಕ್ಕೆಂದು ಅದರ ಒಂದು ಪುಟವನ್ನು ಕ್ಲಾಸಿನಲ್ಲಿ ಓದಿ ನೋಡಿದೆ. ಜೆರಾಕ್ಸ್ ಮಾಡಿಸಿದ್ದು ಬಿಟ್ಟರೆ ಯಾರಿಗೂ ತೋರಿಸದ, ಬೀರುವಿನಲ್ಲಿ ಬೀಗ ಹಾಕಿಟ್ಟಿದ್ದ ಪುಟ. ಮುನಿನಂಜಪ್ಪನವರ ತುಟಿ ಅದನ್ನೂ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ನನಗಿಂತ ಮೊದಲು ಹೇಳಿತು.

ನನಗೆ ತಡೆಯಲಾಗಲಿಲ್ಲ. ಕ್ಲಾಸು ಮುಗಿದ ಮೇಲೆ ಅವರನ್ನು ಮೆಟ್ಟಿಲ ಬಳಿ ಅಡ್ಡಗಟ್ಟಿ, "ಯಜಮಾನ್ರೇ, ನನ್ನ ಸ್ಕ್ರಿಪ್ಟು ನಿಮ್ಮ ಕೈಗೆ ಹೇಗೆ ಸಿಕ್ತು? ಜೆರಾಕ್ಸ್ ಅಂಗಡಿಯವನು ಕೊಟ್ಟನಾ? ಕದ್ದು ಓದೋದು ದೊಡ್ಡವರಿಗೆ ಒಪ್ಪೋ ಕೆಲಸ ಅಲ್ಲ" ಎಂದು ರೇಗಿಬಿಟ್ಟೆ. ಅವರು ತಲೆ ತಗ್ಗಿಸಿದರು. ಹಿಂದೆ ನಿಂತಿದ್ದ ರಶ್ಮಿ ನನ್ನನ್ನು ಪಕ್ಕಕ್ಕೆ ಕರೆದು, "ಸಾರ್, ತಾತನಿಗೆ ಓದಕ್ಕೇ ಬರಲ್ಲ. ಅಟೆಂಡೆನ್ಸ್ ಶೀಟಲ್ಲಿ ಅವರ ಹೆಸರು ದಿನಾ ನಾನೇ ಬರೀತೀನಿ" ಎಂದಳು. ನಾನು ಆ ನೋಟ್‌ಬುಕ್ಕು ಇಸಿದುಕೊಂಡು ನೋಡಿದೆ. ಎರಡು ತಿಂಗಳಿಂದ ಅವರು ಬಿಚ್ಚಿಟ್ಟುಕೊಂಡು ಕೂರುತ್ತಿದ್ದ ಪುಟಗಳೆಲ್ಲ ಖಾಲಿ. ನಲವತ್ತು ವರ್ಷ ಅವರು ಪರದೆಯ ಪಕ್ಕದಲ್ಲಿ ಹಿಡಿದು ನಿಂತ ಪುಸ್ತಕವೂ ತೋರಿಕೆಗೆ ಅಷ್ಟೆ. ನಾಚಿಕೆಯಿಂದ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ತಪ್ಪಾಯ್ತು ಎಂದೆ.

"ಮತ್ತೆ ಹೇಗೆ?" ಎಂದೆ. ಅವರು ತಮ್ಮ ಕೊರಳ ಮೇಲೆ ಬೆರಳಿಟ್ಟು ಸಣ್ಣ ದನಿಯಲ್ಲಿ ಹೇಳಿದರು: "ಗಂಟ್ಲು ನೋಡ್ತೀನಿ ಸ್ವಾಮಿ. ಮಾತು ಮೊದ್ಲು ಗಂಟ್ಲಿಗೆ ಬತ್ತದೆ, ಆಮ್ಯಾಕೆ ಬಾಯಿಗೆ. ಎಲ್ರೂ ಬಾಯಿ ನೋಡ್ತಾರೆ, ಅದ್ಕೇ ಕಾಣಾಕಿಲ್ಲ. ನಾನ್ ಬೇಕೂಂತ ಮಾಡಾಕಿಲ್ಲ, ತುಟಿ ತಾನಾಗೇ ಆಡ್ತದೆ. ಕೆಲವು ದಪ ಬೀದೀಲಿ ಓಗೋರ್ ಮಾತೂ ಬಂದ್ಬುಡ್ತದೆ. ಅವ್ರು ಇನ್ನೂ ತಿರುವಿಂದ ಆಚೆಗಿರ್ತಾರೆ." ಗಂಟಲಿನ ವಿಷಯ ಕೇಳಿ ನನಗೆ ಸ್ವಲ್ಪ ಸಮಾಧಾನವಾಗಿತ್ತು. ಬೀದಿಯ ತಿರುವಿನಿಂದ ಆಚೆಗಿರುವವರ ಗಂಟಲು ಇವರಿಗೆ ಕಾಣುವುದು ಹೇಗೆ ಎಂದು ಹೊಳೆಯುವಷ್ಟರಲ್ಲಿ ಅವರು ಮೆಟ್ಟಿಲಿಳಿದು ಹೋಗಿದ್ದರು.

ಪ್ರಭಾಕರ ಬರುವ ಭಾನುವಾರ ನಾನು ಕೊರಳಿಗೆ ಮಫ್ಲರ್ ಸುತ್ತಿಕೊಂಡೆ. ಏಪ್ರಿಲ್ ತಿಂಗಳು. ಸುಮಿತ್ರಾ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿ, "ಊಟಿಗೆ ಹೊರಟ್ರಾ?" ಎಂದಳು. ಮುನಿನಂಜಪ್ಪನವರಿಗೆ ಈ ವಾರ ಬರಬೇಡಿ ಎನ್ನಬಹುದಿತ್ತು. ಕಳ್ಳನೆಂದು ಬಯ್ದ ಮೇಲೆ ಅದನ್ನೂ ಹೇಳಲು ಬಾಯಿ ಬರಲಿಲ್ಲ. ಪ್ರಭಾಕರ ಮುಂದಿನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು, "ಏನೋ, ಗಂಟಲು ನೋವಾ?" ಎಂದ. "ಹಾಗೇ ಸ್ವಲ್ಪ" ಎಂದೆ. ಕಿಟಕಿಯಿಂದ ಬಿಸಿಲು ಬಂದು ಧೂಳಿನ ಒಂದೊಂದು ಕಣವನ್ನೂ ತೋರಿಸುತ್ತಿತ್ತು. ಬೆವರು ಮಫ್ಲರಿನೊಳಗೆ ಇಳಿಯುತ್ತಿರಲು ಓದತೊಡಗಿದೆ.

ಮಫ್ಲರು ಕೆಲಸಕ್ಕೆ ಬರಲಿಲ್ಲ. ಗಾರ್ಡಿನ ಮೊದಲ ಮಾತಿಗೇ ಹಿಂದಿನ ಬೆಂಚಿನಲ್ಲಿ ತುಟಿ ಆಡಿತು. ನಾನು ನೋಡಬಾರದೆಂದುಕೊಂಡು ನೋಡಿದೆ, ನೋಡಿದಷ್ಟೂ ನನ್ನ ಓದು ಸೋಲತೊಡಗಿತು. ನಾನು ಬರೆದದ್ದನ್ನು ನಾನು ಓದುತ್ತಿದ್ದೇನೋ, ಅವರು ಹೇಳಿಕೊಟ್ಟದ್ದನ್ನು ಒಪ್ಪಿಸುತ್ತಿದ್ದೇನೋ ತಿಳಿಯದಾಯಿತು. ತಪ್ಪಿಸಿಕೊಳ್ಳಬೇಕೆಂದು ಓದುತ್ತಲೇ ಮಾತು ಬದಲಿಸಿದೆ. "ನೀರು" ಇದ್ದಲ್ಲಿ ಕಾಫಿ ಎಂದೆ. ತುಟಿ ಕಾಫಿ ಎಂದಿತ್ತು. ಮಗಳ ಹೆಸರನ್ನೇ ಬದಲಿಸಿ ಪದ್ಮಾ ಎನ್ನಬೇಕೆಂದು ಆ ಕ್ಷಣದಲ್ಲಿ ತೀರ್ಮಾನಿಸಿದೆ. ನನ್ನ ಬಾಯಿ ಇನ್ನೂ ತೆರೆದೇ ಇತ್ತು, ಆ "ಪ"ಕಾರಕ್ಕೆ ಮುನಿನಂಜಪ್ಪನವರ ತುಟಿಗಳೆರಡೂ ಕೂಡಿಕೊಂಡದ್ದನ್ನು ನನ್ನ ಕಣ್ಣಾರೆ ಕಂಡೆ. ಪ್ರಭಾಕರ ವಾಚು ನೋಡಿಕೊಂಡ. ಕೆಳಗೆ ಮಿಲ್ಲು ನಿಂತಿತ್ತು, ನೆಲ ಸಣ್ಣಗೆ ನಡುಗುತ್ತಿತ್ತು.

ಕೊನೆಯ ಉದ್ದನೆಯ ಮಾತಿಗೆ ಬಂದೆ. ಹಾಳೆಯ ಮೇಲಿನ ಅಕ್ಷರಗಳೆಲ್ಲ ಯಾರದೋ ಎಂಜಲಿನಂತೆ ಕಂಡವು. ಓದಲು ಮನಸ್ಸಾಗಲಿಲ್ಲ. ಮಫ್ಲರು ಕಿತ್ತು ಬೆಂಚಿನ ಮೇಲೆ ಎಸೆದೆ. ಆಮೇಲೆ ನನ್ನ ಬಾಯಿಂದ ಬಂದದ್ದು ನಾಟಕದ ಮಾತಲ್ಲ, ದೇವರಾಣೆಗೂ ಅಲ್ಲ. "ನನಗೆ ಮುಂದೇನೂ ಗೊತ್ತಿಲ್ಲ. ಆರು ವರ್ಷದಿಂದ ಗೊತ್ತಿಲ್ಲ. ಗೊತ್ತಿರೋನ ಥರಾ ಮಾತಾಡಿ ಮಾತಾಡಿ ಸುಸ್ತಾಗ್ಹೋಗಿದೀನಿ. ಬರ್ತಾನೇ ಇಲ್ಲ, ಏನ್ ಮಾಡ್ಲಿ ನಾನು?" ಎಂದೆ. ಕಣ್ಣಲ್ಲಿ ನೀರು ಬಂತು. ಅಂಗೈಯಿಂದ ಒರೆಸಿಕೊಂಡೆ. ಹಿಂದಿನ ಬೆಂಚಿನಲ್ಲಿ ತುಟಿ ನಿಂತಿತ್ತು. ಮುನಿನಂಜಪ್ಪನವರು ದಿಗಿಲಿನಿಂದ ಆ ಖಾಲಿ ನೋಟ್‌ಬುಕ್ಕಿನ ಹಾಳೆಗಳನ್ನು ಒಂದೊಂದಾಗಿ ತಿರುವಿ, ಬೆರಳಿಟ್ಟು, ನನ್ನ ಮಾತು ಎಲ್ಲಿದೆಯೆಂದು ಹುಡುಕುತ್ತಿದ್ದರು.

ನನ್ನ ಕಥೆ ಮುಗಿಯಿತೆಂದುಕೊಂಡೆ. ಪ್ರಭಾಕರ ಎದ್ದು ಬಂದು ನನ್ನ ಭುಜ ಹಿಡಿದ. "ಲೋ, ಶುರುನಲ್ಲಿ ಬರೀ ಬೋರು. ಆದ್ರೆ ಆ ಅಪ್ಪ ಮಗಳ ಮುಂದೆ 'ನನಗೆ ಮುಂದೇನೂ ಗೊತ್ತಿಲ್ಲ' ಅಂತಾನಲ್ಲ, ಅಲ್ಲಿ ಹೊಡ್ದೆ ನೋಡು! ಅದೊಂದಕ್ಕೋಸ್ಕರ ನಾಟಕ ಮಾಡ್ತೀನಿ. ಒಂದಕ್ಷರ ಬದಲಾಯಿಸ್ಬೇಡ" ಎಂದ. ಅದು ಅಪ್ಪನ ಮಾತಲ್ಲವೆಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಎಲ್ಲರೂ ಹೋದ ಮೇಲೆ ಮುನಿನಂಜಪ್ಪನವರನ್ನು ಮೆಲ್ಲಗೆ ಕೇಳಿದೆ, ಯಾಕೆ ನಿಲ್ಲಿಸಿದಿರಿ ಎಂದು. ಅವರು ನೋಟ್‌ಬುಕ್ಕು ಮುಚ್ಚಿದರು. "ಅದು ಗಂಟ್ಲಾಗೆ ಇರ್ನಿಲ್ಲ ಸ್ವಾಮಿ. ಇನ್ನೂ ಕೆಳಗಿಂದ ಬಂತು. ನಲವತ್ತು ವರ್ಸದಾಗೆ ನಂಗೆ ಮಾತು ತಪ್ಪಿದ್ದು ಅದೊಂದೇ ದಪ. ಎದ್ರಿಕೆ ಆಗೋಯ್ತು" ಎಂದರು.

ನಾಟಕ ನಡೆಯಿತು, ಚೆನ್ನಾಗಿಯೇ ನಡೆಯಿತು. ಆ ಮಾತಿಗೆ ಜನ ಮೂಗೊರೆಸಿಕೊಂಡರು. ಮದುವೆಮನೆಗಳಲ್ಲಿ ಈಗ ಸುಮಿತ್ರಾ ನಡುವೆ ಬಾಯಿ ಹಾಕುವುದಿಲ್ಲ. ಕ್ಲಾಸಿಗೆ ಮೂವತ್ತು ಜನ ಬರುತ್ತಾರೆ, ಬೆಂಚು ಸಾಲದೆ ಕೆಲವರು ಹಿಟ್ಟಿನ ಚೀಲದ ಮೇಲೆ ಕೂರುತ್ತಾರೆ. ನನ್ನ ಹಳೆಯ ಪಾಠವನ್ನು ಬಿಟ್ಟಿದ್ದೇನೆ. "ಗಂಟಲಿನಿಂದ ಬರೆಯಬೇಡಿ, ಇನ್ನೂ ಕೆಳಗಿನಿಂದ ಬರೆಯಿರಿ" ಎನ್ನುತ್ತೇನೆ. ಅದು ನನ್ನದೇ ಮಾತೆಂದು ಎಲ್ಲರೂ ಬರೆದುಕೊಳ್ಳುತ್ತಾರೆ. ಎರಡು ಕಾಲೇಜಿನವರು ಭಾಷಣಕ್ಕೂ ಕರೆದಿದ್ದರು. ಎರಡೂ ಕಡೆ, ನಾನು ಆರು ವರ್ಷ ಒಣಗಿ ಕೂತದ್ದನ್ನು ಬಿಚ್ಚುಮನಸ್ಸಿನಿಂದ ಹೇಳಿಕೊಂಡೆ. ಚಪ್ಪಾಳೆ ಬಿತ್ತು.

ಕಳೆದ ಭಾನುವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು "ಸಾರ್, ನಿಮ್ಮ ಮುಂದಿನ ನಾಟಕ ಯಾವಾಗ?" ಎಂದು ಕೇಳಿದಳು. ನಾನು ಕನ್ನಡಕ ತೆಗೆದೆ. ಕಿಟಕಿಯ ಕಡೆ ಒಮ್ಮೆ ನೋಡಿದೆ. ಬೇಕಾದಷ್ಟು ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, "ನಿಜ ಹೇಳ್ಲಾ? ನನಗೆ ಮುಂದೇನೂ ಗೊತ್ತಿಲ್ಲ ಕಣಮ್ಮಾ..." ಎಂದು ಶುರು ಮಾಡಿದೆ. ಹಿಂದಿನ ಬೆಂಚಿನಲ್ಲಿ, ಬಿಳಿ ಹುಬ್ಬುಗಳ ಕೆಳಗೆ, ಮುನಿನಂಜಪ್ಪನವರ ತುಟಿಗಳು ಆಡುತ್ತಿದ್ದವು. ಈ ಸಲ ಅವರಿಗೆ ಎಲ್ಲಿಯೂ ತಪ್ಪಲಿಲ್ಲ. ನಾನಿನ್ನೂ ಅರ್ಧದಲ್ಲಿರುವಾಗಲೇ ಪೂರ್ತಿ ಹೇಳಿ ಮುಗಿಸಿ, ನಾನೆಲ್ಲಿ ಮರೆತುಬಿಡುತ್ತೇನೋ ಎಂಬಂತೆ, ಅಂಗೈಯನ್ನು ತಮ್ಮ ಕಣ್ಣಿನ ಬಳಿಗೆ ಎತ್ತಿ ಸನ್ನೆ ಮಾಡಿ ಕಾದರು.

ನಾನು ಕಣ್ಣೊರೆಸಿಕೊಂಡೆ.